28 ಸಲ ಬ್ಯಾಕ್‌ಸ್ಪೇಸ್ ಒತ್ತಿದ್ರೆ ತೆರ್ಕೊಳ್ಳೋ ಗ್ರಬ್: ನಿಮ್ಮ ಹಳೇ ಲಿನಕ್ಸ್ ಮಷಿನ್ ಚೆಕ್ ಮಾಡಿ, ಸರಿ ಮಾಡೋದು ಹೇಗೆ

ಲಿನಕ್ಸ್ ಮಷಿನ್ ಆನ್ ಮಾಡಿದ ತಕ್ಷಣ ಕಪ್ಪು ಸ್ಕ್ರೀನ್ ಮೇಲೆ ಒಂದು ಮೆನು ಬರುತ್ತಲ್ಲ, ಉಬುಂಟು ಬೇಕಾ ವಿಂಡೋಸ್ ಬೇಕಾ ಅಂತ, ಅದೇ ಗ್ರಬ್. ಅದಕ್ಕೆ ಪಾಸ್‌ವರ್ಡ್ ಹಾಕಿಲ್ಲ ಅಂದ್ರೆ ಮುಂದೆ ಕೂತಿರೋ ಯಾರು ಬೇಕಾದ್ರೂ "ಇ" ಕೀ ಒತ್ತಿ ಬೂಟ್ ಲೈನ್ ತಿದ್ದಿ ರೂಟ್ (ಎಲ್ಲಾ ಅಧಿಕಾರ ಇರೋ ಯೂಸರ್) ಆಗಿ ಒಳಗೆ ಹೋಗ್ಬಹುದು. ಅದಕ್ಕೇ ಲ್ಯಾಬ್, ಆಫೀಸ್, ಲೈಬ್ರರಿ ಮಷಿನ್‌ಗಳಲ್ಲಿ ಗ್ರಬ್‌ಗೆ ಪಾಸ್‌ವರ್ಡ್ ಹಾಕ್ತಾರೆ. ಆದ್ರೆ ಆ ಪಾಸ್‌ವರ್ಡೇ 2009ರ ಡಿಸೆಂಬರ್‌ನಿಂದ 2015ರ ಡಿಸೆಂಬರ್‌ವರೆಗೆ, ಅಂದ್ರೆ 1.98ರಿಂದ 2.02ರ ಬೀಟಾವರೆಗಿನ ವರ್ಷನ್‌ಗಳಲ್ಲಿ, ಹೆಸರಿಗಷ್ಟೇ ಇತ್ತು. ಯೂಸರ್‌ನೇಮ್ ಕೇಳಿದಾಗ ಏನೂ ಟೈಪ್ ಮಾಡದೆ 28 ಸಲ ಬ್ಯಾಕ್‌ಸ್ಪೇಸ್ ಒತ್ತಿ ಎಂಟರ್ ಕೊಟ್ರೆ ರೆಸ್ಕ್ಯೂ ಶೆಲ್, ಅಂದ್ರೆ ನೇರವಾಗಿ ಕಮಾಂಡ್ ಕೊಡೋಕೆ ಗ್ರಬ್ ತೆರೆಯೋ ತುರ್ತು ಸ್ಕ್ರೀನ್, ಸಿಗ್ತಿತ್ತು. ಸ್ಪೇನ್‌ನ ವಲೆನ್ಸಿಯಾ ಪಾಲಿಟೆಕ್ನಿಕ್ ಯೂನಿವರ್ಸಿಟಿಯ ಎಕ್ಟರ್ ಮಾರ್ಕೊ ಮತ್ತೆ ಇಸ್ಮಾಯೆಲ್ ರಿಪೋಲ್ ಇದನ್ನ ಕಂಡುಹಿಡಿದ್ರು, ಭದ್ರತಾ ದೋಷಗಳ ಪಟ್ಟಿಯಲ್ಲಿ ಸಿವಿಇ-2015-8370 (CVE-2015-8370) ಅನ್ನೋದು ಇದರ ನಂಬರ್.

ಹತ್ತು ವರ್ಷದ ಹಿಂದಿನ ಕಥೆ ಈಗ್ಯಾಕೆ ಅಂದ್ರೆ, ನಮ್ಮ ಕಡೆ ಒಂದು ಲ್ಯಾಬ್‌ನಲ್ಲಿ ಹಳೇ ಡೆಸ್ಕ್‌ಟಾಪ್‌ಗಳನ್ನ ನೋಡಿಕೊಡಿ ಅಂತ ಕರೆದಿದ್ರು, ಎಲ್ಲದರಲ್ಲೂ ಉಬುಂಟು 14.04, ಹಾಕಿದ ದಿನದಿಂದ ಇಂಟರ್ನೆಟ್ ಮುಖಾನೇ ನೋಡಿಲ್ಲ, ಗ್ರಬ್ ಪಾಸ್‌ವರ್ಡ್ ಮಾತ್ರ ಎಲ್ಲದಕ್ಕೂ ಇದೆ. ಅಲ್ಲಿನವರ ಪರ್ಮಿಷನ್ ತಗೊಂಡು ಮೊದಲ ಮಷಿನ್ ಮುಂದೆ ಕೂತು ಎಣಿಸ್ತಾ ಒತ್ತಿದೆ, ಇಪ್ಪತ್ತಾರು, ಇಪ್ಪತ್ತೇಳು, ಇಪ್ಪತ್ತೆಂಟು, ಎಂಟರ್. ಪಾಸ್‌ವರ್ಡ್ ಕೇಳ್ಲೇ ಇಲ್ಲ, "ಗ್ರಬ್ ರೆಸ್ಕ್ಯೂ" ಅಂತ ಸುಮ್ನೆ ಬಂದು ನಿಂತ್ಕೊಳ್ತು. ಆ ಲ್ಯಾಬ್ ನೋಡ್ಕೊಳ್ತಿದ್ದ ಮೇಡಂ ಮುಖ ನೋಡಿ ನಂಗೆ ನಿಜವಾಗ್ಲೂ ಬೇಜಾರಾಯ್ತು, ಅಷ್ಟು ಕಾಳಜಿಯಿಂದ ಒಂದೊಂದಕ್ಕೂ ಕೂತು ಪಾಸ್‌ವರ್ಡ್ ಹಾಕಿದ್ರು ಪಾಪ.

ಯಾಕೆ ಹೀಗಾಗುತ್ತೆ ಅಂದ್ರೆ, ಗ್ರಬ್ ನೀವು ಟೈಪ್ ಮಾಡಿದ ಅಕ್ಷರಗಳ ಲೆಕ್ಕ ಇಟ್ಕೊಳ್ಳುತ್ತೆ, ಬ್ಯಾಕ್‌ಸ್ಪೇಸ್ ಒತ್ತಿದಾಗೆಲ್ಲ ಆ ಲೆಕ್ಕದಿಂದ ಒಂದು ಕಳೀಬೇಕು. ಲೆಕ್ಕ ಸೊನ್ನೆ ಇದ್ದಾಗ ಕಳೀಬಾರ್ದು ಅನ್ನೋ ಒಂದು ಕಂಡೀಷನ್ ಬಿಟ್ಟುಹೋಗಿತ್ತು, ಅಷ್ಟೇ. ಆ ಲೆಕ್ಕಕ್ಕೆ ಮೈನಸ್ ಅನ್ನೋದೇ ಗೊತ್ತಿಲ್ಲ, ಸೊನ್ನೆಯಲ್ಲಿ ಒಂದು ಕಳೆದ್ರೆ ಅದು ತಿರುಗಿ 4294967295 ಆಗಿಬಿಡುತ್ತೆ, ಆಮೇಲೆ ಎಂಟರ್ ಕೊಟ್ಟಾಗ ಗ್ರಬ್ ತನಗೆ ಸೇರದ ಮೆಮೊರಿ ಜಾಗದಲ್ಲಿ ಸೊನ್ನೆಗಳನ್ನ ಬರೀತಾ ಹೋಗುತ್ತೆ, ಸರಿಯಾಗಿ 28 ಒತ್ತಿದಾಗ ಫಂಕ್ಷನ್ ಮುಗಿಸಿ ವಾಪಸ್ ಹೋಗ್ಬೇಕಾದ ವಿಳಾಸಾನೇ ಅಳಿಸಿಹೋಗುತ್ತೆ. ಅಲ್ಲಿಂದ ದಾರಿ ತಪ್ಪಿ ಕೊನೆಗೆ ರೆಸ್ಕ್ಯೂ ಶೆಲ್‌ಗೆ ಬಂದು ಬೀಳುತ್ತೆ. ಸರಿ ಮಾಡಿದ ಪ್ಯಾಚ್‌ನಲ್ಲಿ ಇರೋದೂ ಲೆಕ್ಕ ಸೊನ್ನೆನಾ ಅಂತ ನೋಡೋ ಆ ಚಿಕ್ಕ ಕಂಡೀಷನ್ನೇ.

ಈಗ ನಿಮ್ಮ ಮಷಿನ್ ಚೆಕ್ ಮಾಡೋಣ (ನಿಮ್ಮದು, ಇಲ್ಲಾ ನಿಮ್ಮ ಜವಾಬ್ದಾರಿಯಲ್ಲಿ ಇರೋದು ಮಾತ್ರ). ರೀಬೂಟ್ ಮಾಡಿ, ಗ್ರಬ್ ಮೆನುನಲ್ಲಿ "ಇ" ಒತ್ತಿ, ಯೂಸರ್‌ನೇಮ್ ಕೇಳುತ್ತೆ. 28 ಸಲ ಬ್ಯಾಕ್‌ಸ್ಪೇಸ್, ಆಮೇಲೆ ಎಂಟರ್. ಮಷಿನ್ ತಾನಾಗೇ ರೀಬೂಟ್ ಆದ್ರೆ ಅಥವಾ ರೆಸ್ಕ್ಯೂ ಶೆಲ್ ಬಂದ್ರೆ ತೊಂದ್ರೆ ಇದೆ ಅಂತ ಅರ್ಥ. ಬರೀ ವರ್ಷನ್ ನಂಬರ್ ನೋಡಿ ತೀರ್ಮಾನ ಮಾಡ್ಬೇಡಿ, ಯಾಕಂದ್ರೆ ಡೆಬಿಯನ್, ಉಬುಂಟು, ರೆಡ್ ಹ್ಯಾಟ್‌ನವರು ಹಳೇ ವರ್ಷನ್‌ಗೇ ಪ್ಯಾಚ್ ಹಾಕಿ ಕೊಟ್ಟಿದ್ದಾರೆ, ನಂಬರ್ ಹಳೇದೇ ಕಾಣುತ್ತೆ. ಗ್ರಬ್ ಪ್ಯಾಕೇಜ್‌ನ ಚೇಂಜ್‌ಲಾಗ್‌ನಲ್ಲಿ (ಏನೇನು ಬದಲಾಗಿದೆ ಅನ್ನೋ ಪಟ್ಟಿ) 2015-8370 ಅಂತ ಹುಡುಕಿ, ಅಲ್ಲಿದ್ರೆ ಪ್ಯಾಚ್ ಬಂದಿದೆ.

ಅಪ್‌ಡೇಟ್ ಮಾಡೋ ಮುಂಚೆ ಒಂದು ಲೈವ್ ಪೆನ್‌ಡ್ರೈವ್ ರೆಡಿ ಮಾಡಿಟ್ಕೊಳ್ಳಿ, ಬೂಟ್ ವಿಷಯದಲ್ಲಿ ಕೈ ಹಾಕುವಾಗ ಇದಿಲ್ಲದೆ ಕೂರಬೇಡಿ. ಉಬುಂಟು, ಡೆಬಿಯನ್ ಆದ್ರೆ ಎಪಿಟಿ ಅಪ್‌ಡೇಟ್ (apt update), ಎಪಿಟಿ ಅಪ್‌ಗ್ರೇಡ್ (apt upgrade). ಎಷ್ಟೋ ಜನ ಎಡವೋದು ಇಲ್ಲೇ: ಹಳೇ ಬಯೋಸ್ ಮಷಿನ್‌ನಲ್ಲಿ ಫೈಲ್‌ಗಳು ಹೊಸದಾದ್ರೂ ಡಿಸ್ಕ್‌ನ ಶುರುವಿನಲ್ಲಿ ಕೂತಿರೋ ಗ್ರಬ್ ಕೆಲವು ಸಲ ಹಳೇದೇ ಉಳ್ಕೊಳ್ಳುತ್ತೆ, ಡಿಸ್ಕ್ ಬದಲಾಯಿಸಿದ ಅಥವಾ ಕ್ಲೋನ್ ಮಾಡಿದ ಮಷಿನ್‌ಗಳಲ್ಲಂತೂ ಇದನ್ನ ನೋಡ್ಲೇಬೇಕು. ಅದಕ್ಕೆ ಸುಡೋ (sudo) ಹಾಕಿ ಗ್ರಬ್-ಇನ್‌ಸ್ಟಾಲ್ (grub-install) ಕಮಾಂಡ್‌ಗೆ ನಿಮ್ಮ ಡಿಸ್ಕ್ ಹೆಸರು ಕೊಟ್ಟು ಓಡಿಸಿ, ಪಾರ್ಟಿಷನ್ ಹೆಸರಲ್ಲ, ಇಡೀ ಡಿಸ್ಕಿಂದು. ಫೆಡೋರಾದಲ್ಲಿ ಯುಇಎಫ್‌ಐ (ಬಯೋಸ್ ಜಾಗಕ್ಕೆ ಬಂದ ಹೊಸ ವ್ಯವಸ್ಥೆ) ಇದ್ರೆ ಈ ಕಮಾಂಡ್ ಮುಟ್ಟಬೇಡಿ, ಡಿಎನ್‌ಎಫ್ ಅಪ್‌ಡೇಟ್ (dnf update) ಸಾಕು. 14.04 ಥರದ್ದು ಇನ್ನೂ ಇದ್ರೆ ಸುಮ್ನೆ ಹೊಸ ಉಬುಂಟು ಹಾಕಿಬಿಡಿ, ಅದರ ಮಾಮೂಲಿ ಸಪೋರ್ಟ್ 2019ರಲ್ಲೇ ಮುಗಿದಿದೆ.

ಪಾಸ್‌ವರ್ಡ್ ಇನ್ನೂ ಹಾಕಿಲ್ಲ ಅನ್ನೋರು ಗ್ರಬ್-ಎಂಕೆಪಾಸ್‌ಡಬ್ಲ್ಯೂಡಿ-ಪಿಬಿಕೆಡಿಎಫ್2 (grub-mkpasswd-pbkdf2) ಅನ್ನೋ ಕಮಾಂಡ್ ಓಡಿಸಿ ಬರೋ ಉದ್ದನೇ ಹ್ಯಾಶ್ (ಪಾಸ್‌ವರ್ಡ್‌ನ ಗುಟ್ಟು ರೂಪ) ಕಾಪಿ ಮಾಡ್ಕೊಳ್ಳಿ. ಇಟಿಸಿಯಲ್ಲಿರೋ ಗ್ರಬ್.ಡಿ ಫೋಲ್ಡರ್‌ನ 40_ಕಸ್ಟಮ್ ಫೈಲ್‌ನಲ್ಲಿ (/etc/grub.d/40_custom) ಸೂಪರ್‌ಯೂಸರ್ಸ್ ಅಂತ ಹೆಸರು ಕೊಡೋ ಲೈನ್ ಒಂದು (set superusers="ಹೆಸರು"), ಆ ಹೆಸರಿಗೆ ಹ್ಯಾಶ್ ಕೊಡೋ ಲೈನ್ ಇನ್ನೊಂದು (password_pbkdf2 ಹೆಸರು ಹ್ಯಾಶ್) ಸೇರಿಸಿ, ಆಮೇಲೆ ಅಪ್‌ಡೇಟ್-ಗ್ರಬ್ (update-grub) ಓಡಿಸಿ. ಹೀಗೆ ಮಾಡಿದ್ರೆ ಮಾಮೂಲಿ ಬೂಟ್‌ಗೂ ಪಾಸ್‌ವರ್ಡ್ ಕೇಳುತ್ತೆ, ಬೆಳಗ್ಗೆ ಬಂದ ಮಕ್ಕಳೆಲ್ಲ ನಿಮಗೆ ಫೋನ್ ಮಾಡ್ತಾರೆ, ಅದು ಬೇಡ ಅಂದ್ರೆ ಅದೇ ಫೋಲ್ಡರ್‌ನ 10_ಲಿನಕ್ಸ್ ಫೈಲ್‌ನಲ್ಲಿ ಕ್ಲಾಸ್ (CLASS) ಲೈನ್‌ಗೆ ಅನ್‌ರಿಸ್ಟ್ರಿಕ್ಟೆಡ್ (--unrestricted) ಅನ್ನೋ ಆಪ್ಷನ್ ಸೇರಿಸಿ ಮತ್ತೆ ಅಪ್‌ಡೇಟ್-ಗ್ರಬ್ ಓಡಿಸಿ. ಫೆಡೋರಾದಲ್ಲಿ ಗ್ರಬ್2-ಸೆಟ್‌ಪಾಸ್‌ವರ್ಡ್ (grub2-setpassword) ಒಂದೇ ಕಮಾಂಡ್ ಸಾಕು, ಯೂಸರ್‌ನೇಮ್ ರೂಟ್.

ಇಷ್ಟೆಲ್ಲ ಮಾಡಿದ್ರೂ ಗ್ರಬ್ ಪಾಸ್‌ವರ್ಡ್ ಮನೆಯ ಚಿಲಕ ಇದ್ದಂಗೆ, ತಿಜೋರಿ ಅಲ್ಲ. ಡಿಸ್ಕ್ ಬಿಚ್ಚಿ ಬೇರೆ ಮಷಿನ್‌ಗೆ ಹಾಕಿದ್ರೆ ಎಲ್ಲಾ ಓದ್ಬಹುದು. ಪೆನ್‌ಡ್ರೈವ್‌ನಿಂದ ಬೂಟ್ ಆಗದ ಹಾಗೆ ಬಯೋಸ್‌ಗೂ ಪಾಸ್‌ವರ್ಡ್ ಹಾಕಿ, ಮುಖ್ಯವಾದ ಡೇಟಾ ಇರೋ ಮಷಿನ್‌ಗೆ ಇನ್‌ಸ್ಟಾಲ್ ಮಾಡುವಾಗಲೇ ಡಿಸ್ಕ್ ಎನ್‌ಕ್ರಿಪ್ಷನ್ ಆನ್ ಮಾಡಿ. ಇದೇ ಇಬ್ಬರು 2016ರಲ್ಲಿ ಎನ್‌ಕ್ರಿಪ್ಟ್ ಆಗಿರೋ ಸಿಸ್ಟಮ್‌ನಲ್ಲಿ ಎಂಟರ್ ಕೀನ ಸುಮಾರು 70 ಸೆಕೆಂಡ್ ಒತ್ತಿ ಹಿಡಿದು ರೂಟ್ ಶೆಲ್ ತೆಗೆದು ತೋರಿಸಿದ್ರು, ಆದ್ರೆ ಎನ್‌ಕ್ರಿಪ್ಟ್ ಆಗಿದ್ದ ಡೇಟಾ ಮಾತ್ರ ಓದೋಕೆ ಆಗ್ಲಿಲ್ಲ, ಅದಕ್ಕೇ ನಾನು ಇದನ್ನ ಇಷ್ಟು ಒತ್ತಿ ಹೇಳ್ತಿರೋದು.

ಎಲ್ಲಾ ಮುಗಿದ ಮೇಲೆ ಮತ್ತೆ ಒಂದೊಂದು ಮಷಿನ್ ಮುಂದೇನೂ ಕೂತು 28 ಸಲ ಒತ್ತಿ ನೋಡಿ. ಎಂಟರ್ ಕೊಟ್ಟಾಗ ರೆಸ್ಕ್ಯೂ ಶೆಲ್ ಬರದೆ, ರೀಬೂಟ್ ಆಗದೆ ಮಾಮೂಲಿಯಾಗಿ ಪಾಸ್‌ವರ್ಡ್ ಕೇಳಿದ್ರೆ, ಅದಿಲ್ಲದೆ ಒಳಗೆ ಬಿಡದಿದ್ರೆ ಆ ಮಷಿನ್ ಆಯ್ತು, ಪಕ್ಕದ್ದಕ್ಕೆ ಹೋಗಿ.