ಹಳೆಯ ಡಿಎಸ್‌ಎಲ್‌ಆರ್ ಮತ್ತು ಜೇಬಿನ ಕ್ಯಾಮೆರಾ: ಎದುರುಬದುರು ಇಟ್ಟು ನೋಡಿದ ಅನುಭವ

ಹಳೆಯ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿಯಿರುವ, ಲೆನ್ಸ್ ಬದಲಿಸಬಹುದಾದ ದೊಡ್ಡ ಕ್ಯಾಮೆರಾ) ಒಂದನ್ನು ಅದಕ್ಕಿಂತ ಕೆಲವು ವರ್ಷ ಈಚಿನ ಪುಟ್ಟ ಕಾಂಪ್ಯಾಕ್ಟ್ ಕ್ಯಾಮೆರಾದೊಂದಿಗೆ ಹೋಲಿಸಲು ಹೊರಟವರು ಮೊದಲು ನೋಡುವುದು ಬೆಳಕನ್ನು ಚಿತ್ರವಾಗಿಸುವ ಸೆನ್ಸರ್‌ನ ಗಾತ್ರವನ್ನು. ಅದನ್ನು ನೋಡಬೇಕಾದದ್ದೇ ಸರಿ, ಆದರೆ ಅಷ್ಟಕ್ಕೇ ನಿಂತರೆ ಲೆಕ್ಕ ಅರ್ಧಕ್ಕೆ ನಿಲ್ಲುತ್ತದೆ. ಆ ಸೆನ್ಸರ್‌ನ ಮುಂದೆ ಯಾವ ಲೆನ್ಸ್ ಕೂತಿದೆ, ಅದು ಎಷ್ಟು ಅಗಲ ತೆರೆದುಕೊಳ್ಳುತ್ತದೆ ಎಂಬುದನ್ನು ಸೇರಿಸಿ ನೋಡಿದಾಗ ನನ್ನ ಬಳಿಯಿದ್ದ ಎರಡು ಕ್ಯಾಮೆರಾಗಳ ಸ್ಥಾನ ಒಂದು ಸನ್ನಿವೇಶದಲ್ಲಿ ಅದಲುಬದಲಾಯಿತು, ಇನ್ನೊಂದರಲ್ಲಿ ಸಮವಾಯಿತು, ಮತ್ತೊಂದರಲ್ಲಿ ಅಂತರ ನಾನು ಊಹಿಸಿದ್ದಕ್ಕಿಂತ ಹಿಗ್ಗಿತು.

ಡಿಎಸ್‌ಎಲ್‌ಆರ್ ಎಂದರೆ ಇಲ್ಲಿ 2008ರಲ್ಲಿ ಬಂದ ನಿಕಾನ್ ಡಿ90. ಅದರ ಸೆನ್ಸರ್ 23.6 × 15.8 ಮಿ.ಮೀ., 12.3 ಮೆಗಾಪಿಕ್ಸೆಲ್. ಅದರೊಂದಿಗೆ ಕಿಟ್ ಆಗಿ ಬರುತ್ತಿದ್ದ 18–105 ಮಿ.ಮೀ. ಎಫ್/3.5–5.6 ಜೂಮ್ ಮತ್ತು ಆಮೇಲೆ ಕೊಂಡ 35 ಮಿ.ಮೀ. ಎಫ್/1.8 ಪ್ರೈಮ್ (ಜೂಮ್ ಆಗದ) ಲೆನ್ಸ್ ನನ್ನಲ್ಲಿವೆ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ಅಗಲ ತೆರೆದುಕೊಳ್ಳುತ್ತದೆ. ಕಾಂಪ್ಯಾಕ್ಟ್ 2012ರ ಸೋನಿ ಆರ್‌ಎಕ್ಸ್100, ಆ ಸರಣಿಯ ಮೊದಲನೆಯದು: 13.2 × 8.8 ಮಿ.ಮೀ.ಗಳ, ಒಂದು ಇಂಚಿನದೆಂದು ಕರೆಯಲಾಗುವ ಸೆನ್ಸರ್, 20.2 ಮೆಗಾಪಿಕ್ಸೆಲ್, ಫುಲ್ ಫ್ರೇಮ್ (ಹಳೆಯ 35 ಮಿ.ಮೀ. ಫಿಲ್ಮ್‌ನ ಚೌಕಟ್ಟಿನಷ್ಟು ದೊಡ್ಡ ಸೆನ್ಸರ್) ಲೆಕ್ಕದಲ್ಲಿ 28–100 ಮಿ.ಮೀ.ಗೆ ಸಮನಾದ ಎಫ್/1.8–4.9 ಜೂಮ್. ಬ್ಯಾಟರಿ, ಕಾರ್ಡ್ ಸೇರಿ ಇದರ ತೂಕ 240 ಗ್ರಾಂ. ಡಿ90ಕ್ಕೆ ಕಿಟ್ ಜೂಮ್ ಹಾಕಿದರೆ ಒಂದು ಕಿಲೋ ದಾಟುತ್ತದೆ. ಒಂದು ಇಂಚು ಎಂಬ ಹೆಸರನ್ನು ನಂಬಿ ಅಳತೆಪಟ್ಟಿ ಹಿಡಿದವರಿಗೆ ಆ ಸೆನ್ಸರ್‌ನಲ್ಲಿ ಒಂದು ಇಂಚು ಯಾವ ದಿಕ್ಕಿನಲ್ಲಿಯೂ ಸಿಗುವುದಿಲ್ಲ.

ಹೋಲಿಕೆ ನ್ಯಾಯವಾಗಿರಬೇಕೆಂದು ಕೆಲವು ಕಟ್ಟುಪಾಡುಗಳನ್ನು ಹಾಕಿಕೊಂಡೆ. ಎರಡನ್ನೂ ಟ್ರೈಪಾಡ್ ಮೇಲೆ ಒಂದೇ ಜಾಗದಲ್ಲಿಟ್ಟು, ಚೌಕಟ್ಟಿನೊಳಗೆ ಒಂದೇ ದೃಶ್ಯ ಬರುವಂತೆ ಜೂಮ್ ಹೊಂದಿಸಿದೆ. ಎರಡೂ 3:2 ಅನುಪಾತದ ಚಿತ್ರವನ್ನೇ ಕೊಡುವುದರಿಂದ ಈ ಕೆಲಸ ಸುಲಭವಾಯಿತು. ಟ್ರೈಪಾಡ್ ಮೇಲಿರುವಾಗ ಎರಡರ ಸ್ಟೆಬಿಲೈಸೇಶನ್ (ಕೈನಡುಕ ತಡೆಯುವ ವ್ಯವಸ್ಥೆ) ಆಫ್ ಮಾಡಿದೆ. ಡಿ90ರಲ್ಲಿ ಕನ್ನಡಿ ಎದ್ದ ಬಳಿಕ ಶಟರ್ ತುಸು ತಡೆದು ತೆರೆಯುವ ಎಕ್ಸ್‌ಪೋಷರ್ ಡಿಲೇ ಸೌಲಭ್ಯವನ್ನೂ, ಕಾಂಪ್ಯಾಕ್ಟ್‌ನಲ್ಲಿ ಎರಡು ಸೆಕೆಂಡಿನ ಟೈಮರನ್ನೂ ಬಳಸಿದೆ. ಜೆಪೆಗ್ ಕಡತಗಳನ್ನು ಹೋಲಿಸಲೇ ಇಲ್ಲ, ಏಕೆಂದರೆ ಅಲ್ಲಿ ಸೆನ್ಸರ್‌ಗಿಂತ ತಯಾರಕರ ಅಭಿರುಚಿಯೇ ಹೆಚ್ಚು ಕಾಣುತ್ತದೆ. ಎರಡರಲ್ಲೂ ರಾ ಕಡತ (ಕ್ಯಾಮೆರಾ ಸಂಸ್ಕರಿಸದ ಸೆನ್ಸರ್ ದತ್ತಾಂಶ) ತೆಗೆದು, ಒಂದೇ ತಂತ್ರಾಂಶದಲ್ಲಿ ಒಂದೇ ವೈಟ್ ಬ್ಯಾಲೆನ್ಸ್ ಕೊಟ್ಟು, ನಾಯ್ಸ್ (ಚಿತ್ರದಲ್ಲಿ ಕಾಣುವ ಕಾಳುಕಾಳಾದ ಚುಕ್ಕೆಗಳು) ತಗ್ಗಿಸುವ ಪಟ್ಟಿಯನ್ನು ಸೊನ್ನೆಗೆ ಇಳಿಸಿ ತೆರೆದೆ. ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯ ಹೆಜ್ಜೆ: 20 ಮೆಗಾಪಿಕ್ಸೆಲ್‌ನ ಚಿತ್ರವನ್ನು 12 ಮೆಗಾಪಿಕ್ಸೆಲ್‌ಗೆ ಕುಗ್ಗಿಸಿದ ಮೇಲೆಯೇ ಪಕ್ಕಪಕ್ಕ ಇಟ್ಟೆ. ಎರಡನ್ನೂ ಪರದೆಯ ಮೇಲೆ ನೂರು ಶೇಕಡಾ ಹಿಗ್ಗಿಸಿ ನೋಡುವುದೆಂದರೆ ಎರಡು ಬೇರೆ ಬೇರೆ ಗಾತ್ರದ ಮುದ್ರಣಗಳನ್ನು ಹೋಲಿಸಿದಂತೆ, ಅದರಲ್ಲಿ ಹೆಚ್ಚು ಪಿಕ್ಸೆಲ್ ಇರುವ ಕ್ಯಾಮೆರಾಕ್ಕೆ ಅನ್ಯಾಯವಾಗುತ್ತದೆ. ಆರಿಸಿದ ಕೆಲವನ್ನು 12 × 8 ಇಂಚಿಗೆ ಮುದ್ರಿಸಿಯೂ ನೋಡಿದೆ. ಇಂಚಿಗೆ 300 ಚುಕ್ಕಿಯಂತೆ ಆ ಮುದ್ರಣಕ್ಕೆ ಬೇಕಾಗುವುದು 3600 × 2400 ಪಿಕ್ಸೆಲ್ ಮಾತ್ರ, ಅಂದರೆ ಡಿ90ರ 4288 × 2848 ಪಿಕ್ಸೆಲ್‌ಗಳೇ ಧಾರಾಳ.

ಮೊದಲ ಸುತ್ತಿನಲ್ಲಿ ಎರಡಕ್ಕೂ ಒಂದೇ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ), ಒಂದೇ ಅಪರ್ಚರ್ (ಲೆನ್ಸ್‌ನ ತೆರವು), ಒಂದೇ ಶಟರ್ ವೇಗ ಕೊಟ್ಟೆ. ಫಲಿತಾಂಶ ನಿರೀಕ್ಷಿಸಿದಂತೆಯೇ ಬಂತು. ಡಿ90ರ ಸೆನ್ಸರ್‌ನ ವಿಸ್ತೀರ್ಣ ಕಾಂಪ್ಯಾಕ್ಟ್‌ನ ಮೂರು ಪಟ್ಟಿಗಿಂತ ತುಸು ಹೆಚ್ಚು, ಆದ್ದರಿಂದ ಒಂದೇ ಎಕ್ಸ್‌ಪೋಷರ್‌ನಲ್ಲಿ ಅದಕ್ಕೆ ಸಿಗುವ ಒಟ್ಟು ಬೆಳಕೂ ಅಷ್ಟೇ ಪಟ್ಟು ಹೆಚ್ಚು. ಲೆಕ್ಕದ ಪ್ರಕಾರ ಒಂದೂಮುಕ್ಕಾಲು ಸ್ಟಾಪ್‌ನಷ್ಟು ಅಂತರವಿರಬೇಕಿತ್ತು (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟಾಗುವುದು). ಈಚಿನ ಸೆನ್ಸರ್‌ನ ತಾಂತ್ರಿಕ ಸುಧಾರಣೆ ಅದರಲ್ಲಿ ಒಂದು ಪಾಲನ್ನು ತುಂಬಿಕೊಟ್ಟಿದ್ದರಿಂದ ಕಣ್ಣಿಗೆ ಕಂಡ ಅಂತರ ಒಂದು ಸ್ಟಾಪ್‌ಗಿಂತ ಕೊಂಚ ಹೆಚ್ಚು. ಐಎಸ್‌ಒ 1600ರಲ್ಲಿ ಡಿ90 ಕೊಟ್ಟ ನೆರಳುಗಳು ಕಾಂಪ್ಯಾಕ್ಟ್‌ನ ನೆರಳುಗಳಿಗಿಂತ ಸ್ವಚ್ಛವಾಗಿದ್ದವು.

ಆದರೆ ಕೈಯಲ್ಲಿ ಕ್ಯಾಮೆರಾ ಹಿಡಿದವರು ಯಾರೂ ಎರಡಕ್ಕೂ ಒಂದೇ ಅಪರ್ಚರ್ ಇಟ್ಟು ಕೂರುವುದಿಲ್ಲ. ಬೆಳಕು ಕಡಿಮೆಯಿದ್ದಾಗ ಲೆನ್ಸ್ ಎಷ್ಟು ತೆರೆಯುತ್ತದೋ ಅಷ್ಟನ್ನೂ ತೆರೆಯುತ್ತೇವೆ. ಎರಡನೆಯ ಸುತ್ತಿನಲ್ಲಿ ಹಾಗೆಯೇ ಮಾಡಿದೆ. ಜೂಮ್‌ನ ಅಗಲ ತುದಿಯಲ್ಲಿ ಕಾಂಪ್ಯಾಕ್ಟ್ ಎಫ್/1.8ಕ್ಕೆ ತೆರೆದುಕೊಂಡರೆ ಕಿಟ್ ಜೂಮ್ ಎಫ್/3.5ರಲ್ಲೇ ನಿಲ್ಲುತ್ತದೆ. ಶಟರ್ ವೇಗ ಒಂದೇ ಆಗಿರಬೇಕೆಂದರೆ ಕಾಂಪ್ಯಾಕ್ಟ್‌ಗೆ ಐಎಸ್‌ಒ 400 ಸಾಕಾಗುವ ಕಡೆ ಡಿ90ಕ್ಕೆ 1600 ಬೇಕು. ಹೀಗೆ ತೆಗೆದ ಒಳಾಂಗಣದ ಚಿತ್ರಗಳನ್ನು ಒಂದೇ ಗಾತ್ರಕ್ಕೆ ತಂದಾಗ ಕಾಂಪ್ಯಾಕ್ಟ್ ಸಮಕ್ಕೆ ಬಂದದ್ದಷ್ಟೇ ಅಲ್ಲ, ಸುಮಾರು ಅರ್ಧ ಸ್ಟಾಪ್‌ನಷ್ಟು ಮುಂದೆಯೂ ಇತ್ತು. ಮೂರು ಪಟ್ಟು ದೊಡ್ಡ ಸೆನ್ಸರ್ ಎಂಬ ಮಾತು ಈ ಸನ್ನಿವೇಶದಲ್ಲಿ ಏನನ್ನೂ ಗೆದ್ದುಕೊಡಲಿಲ್ಲ.

ಇದರ ಕಾರಣವನ್ನು ಎಫ್ ಸಂಖ್ಯೆಗಳಿಗಿಂತ ಸ್ಪಷ್ಟವಾಗಿ ತೋರಿಸುವುದು ಲೆನ್ಸ್‌ನ ತೆರವಿನ ನಿಜವಾದ ವ್ಯಾಸ. ಫೋಕಲ್ ಲೆಂತ್ (ಲೆನ್ಸ್‌ನ ಮಿ.ಮೀ. ಸಂಖ್ಯೆ) ಅನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಅದು ಸಿಗುತ್ತದೆ. ಕಾಂಪ್ಯಾಕ್ಟ್‌ನ ಅಗಲ ತುದಿಯ ನಿಜವಾದ ಫೋಕಲ್ ಲೆಂತ್ 10.4 ಮಿ.ಮೀ.; ಅದನ್ನು 1.8ರಿಂದ ಭಾಗಿಸಿದರೆ 5.8 ಮಿ.ಮೀ. ಕಿಟ್ ಜೂಮ್‌ನ 18 ಮಿ.ಮೀ. ಅನ್ನು 3.5ರಿಂದ ಭಾಗಿಸಿದರೆ 5.1 ಮಿ.ಮೀ. ಒಂದೇ ದೃಶ್ಯ, ಹೆಚ್ಚುಕಡಿಮೆ ಒಂದೇ ನೋಟದ ಕೋನ. ಹಾಗಿರುವಾಗ ಬೆಳಕು ಒಳಬರುವ ಕಿಂಡಿ ಎಷ್ಟು ದೊಡ್ಡದೋ ಅಷ್ಟೇ ಬೆಳಕು ಒಳಗೆ ಬರುತ್ತದೆ. ಒಳಬಂದ ಬೆಳಕನ್ನು ಅಗಲವಾದ ಹಾಳೆಯ ಮೇಲೆ ಹರಡಿದರೂ ಚಿಕ್ಕದರ ಮೇಲೆ ಹರಡಿದರೂ ಒಟ್ಟು ಮೊತ್ತ ಬದಲಾಗುವುದಿಲ್ಲ.

ಇದೇ ಲೆಕ್ಕ ಜೂಮ್‌ನ ಇನ್ನೊಂದು ತುದಿಗೆ ಹೋದಾಗ ಕಾಂಪ್ಯಾಕ್ಟ್‌ನ ಪರವಾಗಿ ಉಳಿಯುವುದಿಲ್ಲ. 37.1 ಮಿ.ಮೀ. ಅನ್ನು 4.9ರಿಂದ ಭಾಗಿಸಿದರೆ ಏಳೂವರೆ ಮಿ.ಮೀ.ನಷ್ಟು ಬರುತ್ತದೆ, ಅದೇ ನೋಟಕ್ಕೆ ಕಿಟ್ ಜೂಮನ್ನು 67 ಮಿ.ಮೀ. ಆಸುಪಾಸಿಗೆ ತಂದರೆ ತೆರವು 12 ಮಿ.ಮೀ.ನಷ್ಟಿರುತ್ತದೆ, ಎಂದರೆ ವಿಸ್ತೀರ್ಣದಲ್ಲಿ ಎರಡು ಪಟ್ಟಿಗೂ ಹೆಚ್ಚು. ಮುಖಚಿತ್ರದ ದೂರದಲ್ಲಿ ಡಿ90 ಸುಮಾರು ಒಂದು ಸ್ಟಾಪ್ ಮುಂದೆ ನಿಂತಿತು, ಹಿನ್ನೆಲೆಯನ್ನು ಮಸುಕಾಗಿಸುವುದರಲ್ಲೂ ಅದರದೇ ಮೇಲುಗೈ. ಕಾಂಪ್ಯಾಕ್ಟ್‌ನ ಪೆಟ್ಟಿಗೆಯ ಮೇಲೆ ಬರೆದಿರುವ ಎಫ್/1.8 ಅಗಲ ತುದಿಯಲ್ಲಿ ಮಾತ್ರ ನಿಜ. ಸ್ವಲ್ಪ ಜೂಮ್ ಮಾಡಿದೊಡನೆ ಅದು ಜಾರಿ, 50 ಮಿ.ಮೀ. ನೋಟಕ್ಕೆ ಬರುವ ಹೊತ್ತಿಗೆ ಎಫ್/3ರ ಆಸುಪಾಸಿನಲ್ಲಿರುತ್ತದೆ. ಹಾಗಾಗಿ ಮಂದ ಬೆಳಕಿನಲ್ಲಿ ಈ ಕ್ಯಾಮೆರಾ ಹಿಡಿದಾಗ ನಾನು ಜೂಮ್ ಗುಂಡಿಯನ್ನು ಮುಟ್ಟುವುದಿಲ್ಲ, ನಾಲ್ಕು ಹೆಜ್ಜೆ ಮುಂದೆ ಹೋಗುತ್ತೇನೆ.

ಕಿಟ್ ಜೂಮ್ ಬಿಚ್ಚಿ 35 ಮಿ.ಮೀ. ಎಫ್/1.8 ಹಾಕಿದ ಮೇಲೆ ಡಿ90 ಬೇರೆಯದೇ ಕ್ಯಾಮೆರಾ. ತೆರವಿನ ವ್ಯಾಸ 19 ಮಿ.ಮೀ. ದಾಟುತ್ತದೆ, ಕಾಂಪ್ಯಾಕ್ಟ್‌ನೊಂದಿಗೆ ಅಂತರ ಮೂರು ಸ್ಟಾಪ್‌ಗಳ ಹತ್ತಿರ ಹೋಗುತ್ತದೆ. ಒಂದೇ ದೀಪ ಉರಿಯುವ ಕೋಣೆಯಲ್ಲಿ ಕೂತವರ ಮುಖವನ್ನು ತೆಗೆಯುವಾಗ ಈ ಮೂರು ಸ್ಟಾಪ್‌ಗಳೇ ಚರ್ಮದ ಬಣ್ಣ ಉಳಿಯುತ್ತದೆಯೋ ಕಲೆಕಲೆಯಾಗುತ್ತದೆಯೋ ಎಂಬುದನ್ನು ತೀರ್ಮಾನಿಸುತ್ತವೆ. ಹಳೆಯ ಡಿಎಸ್‌ಎಲ್‌ಆರ್ ಅನ್ನು ಕಿಟ್ ಜೂಮ್ ಒಂದರಿಂದಲೇ ಅಳೆದು, ಈಗಿನ ಪುಟ್ಟ ಕ್ಯಾಮೆರಾಗಳ ಮುಂದೆ ಇದೇನೂ ಅಲ್ಲ ಎಂದು ಮೂಲೆಗಿಟ್ಟವರ ಬಗ್ಗೆ ನನಗೆ ಸ್ವಲ್ಪ ಮರುಕವಿದೆ.

ಹಗಲು ಬೆಳಕಿನಲ್ಲಿ, ಕನಿಷ್ಠ ಐಎಸ್‌ಒದಲ್ಲಿ, ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಮೋಡದ ಅಂಚನ್ನು ಉಳಿಸಿಕೊಂಡು ನೆರಳನ್ನು ಮೇಲೆತ್ತಿದಾಗ ಎರಡೂ ಸುಮಾರಾಗಿ ಒಂದೇ ಮಟ್ಟದವರೆಗೆ ತಾಳಿದವು. 12 × 8 ಇಂಚಿನ ಮುದ್ರಣಗಳಲ್ಲಿ ಯಾವುದು ಯಾವುದರದ್ದೆಂದು ಹಿಂಬದಿಯ ಗುರುತು ನೋಡಿಯೇ ಹೇಳಬೇಕಾಯಿತು. ಒಂದು ಎಚ್ಚರಿಕೆ ಮಾತ್ರ ಇದೆ: ಡಿಎಸ್‌ಎಲ್‌ಆರ್ ಬಳಸಿದವರಿಗೆ ನಿಸರ್ಗದೃಶ್ಯ ಎಂದೊಡನೆ ಕೈ ತಾನಾಗಿ ಎಫ್/8, ಎಫ್/11ರ ಕಡೆಗೆ ಹೋಗುತ್ತದೆ. ಕಾಂಪ್ಯಾಕ್ಟ್‌ನ ಪಿಕ್ಸೆಲ್‌ಗಳು 2.4 ಮೈಕ್ರಾನ್ ಅಂತರದಲ್ಲಿವೆ, ಡಿ90ರಲ್ಲಿ 5.5 ಮೈಕ್ರಾನ್, ಎಫ್/8ರಲ್ಲಿ ಬೆಳಕಿನ ವಿವರ್ತನೆಯಿಂದ (ಚಿಕ್ಕ ತೆರವಿನಲ್ಲಿ ಬೆಳಕು ಬಾಗಿ ಹರಡುವುದರಿಂದ) ಉಂಟಾಗುವ ಚುಕ್ಕೆಯ ವ್ಯಾಸವೇ 10 ಮೈಕ್ರಾನ್ ದಾಟುವುದರಿಂದ ಚಿಕ್ಕ ಸೆನ್ಸರ್‌ನಲ್ಲಿ ವಿವರ ಕರಗುವುದು ಕಣ್ಣಿಗೆ ಕಾಣುತ್ತದೆ. ಚೌಕಟ್ಟಿನ ಉದ್ದಕ್ಕೂ ಫೋಕಸ್ ಸಿಗಲು ಡಿ90ರಲ್ಲಿ ಎಫ್/7.1 ಬೇಕಾಗುವ ಕಡೆ ಕಾಂಪ್ಯಾಕ್ಟ್‌ಗೆ ಎಫ್/4 ಸಾಕು, ಅದಕ್ಕಿಂತ ಮುಚ್ಚುವ ಅಗತ್ಯ ನನಗೆ ವಿರಳವಾಗಿ ಬರುತ್ತದೆ.

ಚಿತ್ರದ ಗುಣಮಟ್ಟಕ್ಕಿಂತ ಹೆಚ್ಚಿನ ಅಂತರ ಕಾಣಿಸಿದ್ದು ಚಲಿಸುವ ವಸ್ತುಗಳ ಮುಂದೆ. ಡಿಎಸ್‌ಎಲ್‌ಆರ್‌ನ ಫೋಕಸ್ ವ್ಯವಸ್ಥೆ ಲೆನ್ಸ್‌ನ ಎರಡು ಬದಿಗಳಿಂದ ಬಂದ ಬೆಳಕನ್ನು ಪ್ರತ್ಯೇಕ ಸೆನ್ಸರ್ ಮೇಲೆ ಹೋಲಿಸಿ, ಫೋಕಸ್ ಯಾವ ದಿಕ್ಕಿನಲ್ಲಿ, ಎಷ್ಟು ತಪ್ಪಿದೆ ಎಂಬುದನ್ನು ಒಂದೇ ಅಳತೆಯಲ್ಲಿ ತಿಳಿದು ಲೆನ್ಸನ್ನು ನೇರವಾಗಿ ಅಲ್ಲಿಗೆ ಒಯ್ಯುತ್ತದೆ. ನನ್ನ ಕಾಂಪ್ಯಾಕ್ಟ್ ಬಳಸುವುದು ಕಾಂಟ್ರಾಸ್ಟ್ ವಿಧಾನವನ್ನು: ಲೆನ್ಸ್ ಚಲಿಸಿ, ಚಿತ್ರದ ಸ್ಪಷ್ಟತೆ ಏರುತ್ತ ಹೋಗಿ ಇಳಿಯಲಾರಂಭಿಸಿದಾಗ ಮಾತ್ರ ಶಿಖರ ದಾಟಿತೆಂದು ತಿಳಿದು ಹಿಂದಕ್ಕೆ ಬರಬೇಕು. ನಿಂತಿರುವ ವಸ್ತುವಿಗೆ ಇದು ಸಾಕಷ್ಟು ಬೇಗ ಆಗುತ್ತದೆ. ಎದುರಿನಿಂದ ಓಡಿಬರುವ ಮಗುವಿನ ಮುಂದೆ ಅದು ಹಿಂದೆ ಬೀಳುತ್ತದೆ. ಸೆಕೆಂಡಿಗೆ ಹತ್ತು ಚಿತ್ರ ತೆಗೆಯುವ ಶಕ್ತಿ ಅದಕ್ಕಿದ್ದರೂ ಆ ವೇಗದಲ್ಲಿ ಫೋಕಸ್ ಮೊದಲ ಚಿತ್ರದಲ್ಲೇ ಬೀಗ ಹಾಕಿಕೊಳ್ಳುತ್ತದೆ, ಸೆಕೆಂಡಿಗೆ 4.5 ಚಿತ್ರ ತೆಗೆಯುವ ಡಿ90 ಹಿಂಬಾಲಿಸುತ್ತ ಹೋಗಿ ಬಳಸಬಹುದಾದ ಚಿತ್ರಗಳನ್ನು ಹೆಚ್ಚು ಕೊಡುತ್ತದೆ. ಸ್ವಿಚ್ ಹಾಕಿದೊಡನೆ ಡಿ90 ಸಿದ್ಧ, ಕಾಂಪ್ಯಾಕ್ಟ್‌ನ ಲೆನ್ಸ್ ಹೊರಗೆ ಚಾಚಿಕೊಳ್ಳುವವರೆಗೆ ಕಾಯಬೇಕು. ಆದರೂ ಕಾಂಟ್ರಾಸ್ಟ್ ವಿಧಾನಕ್ಕೆ ಒಂದು ಪ್ರಾಮಾಣಿಕತೆಯಿದೆ. ಅದು ಚಿತ್ರ ಮೂಡುವ ಸೆನ್ಸರ್ ಮೇಲೆಯೇ ಅಳೆಯುವುದರಿಂದ ಫೋಕಸ್ ಸಿಕ್ಕಿತೆಂದರೆ ಸಿಕ್ಕಿತು. ಪ್ರತ್ಯೇಕ ಸೆನ್ಸರ್ ಇರುವ ಡಿಎಸ್‌ಎಲ್‌ಆರ್‌ಗಳಲ್ಲಿ ಎರಡರ ನಡುವೆ ಸೂಕ್ಷ್ಮ ವ್ಯತ್ಯಾಸ ಉಳಿದಿರಬಹುದು, ಎಫ್/1.8ರಲ್ಲಿ ಅದು ಕಣ್ಣಿನ ಬದಲು ಕಿವಿಯನ್ನು ಸ್ಪಷ್ಟವಾಗಿಸಬಹುದು. ಡಿ90ರಲ್ಲಿ ಇದನ್ನು ಮೆನುವಿನಿಂದ ತಿದ್ದುವ ಸೌಲಭ್ಯವಿಲ್ಲ, ಆದ್ದರಿಂದ ನಿಶ್ಚಲವಾದ ಮುಖಚಿತ್ರಗಳಿಗೆ ನಾನು ಟ್ರೈಪಾಡ್ ಮೇಲಿಟ್ಟು ಲೈವ್ ವ್ಯೂನಲ್ಲಿ (ಹಿಂಬದಿಯ ಪರದೆಯ ನೇರ ನೋಟದಲ್ಲಿ) ಹಿಗ್ಗಿಸಿ ಫೋಕಸ್ ನೋಡಿಕೊಳ್ಳುತ್ತೇನೆ.

ವ್ಯೂಫೈಂಡರ್‌ನ ವಿಷಯದಲ್ಲಿ ನಾನು ಪಕ್ಷಪಾತಿ. ಉರಿಬಿಸಿಲಿನಲ್ಲಿ ಹಿಂಬದಿಯ ಪರದೆ ಎಷ್ಟೇ ಪ್ರಕಾಶಮಾನವಾಗಿದ್ದರೂ ನೆರಳಿನೊಳಗಿನ ಮುಖಭಾವ ಅದರಲ್ಲಿ ಓದಿಸಿಕೊಳ್ಳುವುದಿಲ್ಲ. ಗಾಜಿನ ಮೂಲಕ ನೋಡಿದಾಗ ಅದು ಕಾಣುತ್ತದೆ, ತಡವಿಲ್ಲದೆ ಕಾಣುತ್ತದೆ. ಡಿ90ರ ವ್ಯೂಫೈಂಡರ್ ಚೌಕಟ್ಟಿನ 96 ಶೇಕಡಾವನ್ನಷ್ಟೇ ತೋರಿಸುತ್ತದೆ, ಅಂಚಿನಲ್ಲಿ ಬೇಡದ್ದೇನಾದರೂ ನುಸುಳುವುದುಂಟು. ಆದರೂ ಹಣೆಗೆ ಒತ್ತಿ ಹಿಡಿದ ಕ್ಯಾಮೆರಾ ಚಾಚಿದ ತೋಳಿನ ತುದಿಯಲ್ಲಿರುವ ಕ್ಯಾಮೆರಾಗಿಂತ ಸ್ಥಿರವಾಗಿರುತ್ತದೆ.

ಕಾಂಪ್ಯಾಕ್ಟ್ ತನ್ನ ಬೆಲೆಯನ್ನು ಹಿಂದಿರುಗಿಸುವುದು ಜನರ ನಡುವೆ. ಅದರ ಶಟರ್ ಲೆನ್ಸ್‌ನೊಳಗೇ ಇರುವ, ತೆಳು ಎಲೆಗಳಂತೆ ತೆರೆದು ಮುಚ್ಚುವ ಎಲೆ ಶಟರ್, ಸದ್ದು ಇಲ್ಲವೆನ್ನುವಷ್ಟು ಕಡಿಮೆ. ಡಿ90ರ ಕನ್ನಡಿ ಬಡಿಯುವ ಸದ್ದಿಗೆ ತಲೆಯೆತ್ತಿ ನೋಡುವವರು ಇದರ ಮುಂದೆ ಮಾತು ಮುಂದುವರಿಸುತ್ತಾರೆ. ಎಲೆ ಶಟರ್‌ನ ಇನ್ನೊಂದು ಉಪಯೋಗವನ್ನು ನಾನು ತಡವಾಗಿ ಕಂಡುಕೊಂಡೆ: ಅದು ಎಲ್ಲ ವೇಗಗಳಲ್ಲೂ, 1/2000 ಸೆಕೆಂಡಿನವರೆಗೂ, ಫ್ಲಾಶ್‌ನೊಂದಿಗೆ ಹೊಂದಿಕೊಳ್ಳುತ್ತದೆ. ಡಿ90ರ ತನ್ನದೇ ಫ್ಲಾಶ್‌ಗೆ 1/200ರ ಗಡಿಯಿದೆ. ಸೂರ್ಯ ಬೆನ್ನಹಿಂದೆ ಇರುವಾಗ ಹತ್ತಿರ ನಿಂತವರ ಮುಖಕ್ಕೆ ತುಸು ಬೆಳಕು ತುಂಬಬೇಕೆಂದರೆ ಅಪರ್ಚರನ್ನು ತೆರೆದೇ ಇಟ್ಟು, ಶಟರ್ ವೇಗ ಹೆಚ್ಚಿಸಿ ಆಕಾಶವನ್ನು ಹಿಡಿತಕ್ಕೆ ತಂದು, ಕಾಂಪ್ಯಾಕ್ಟ್‌ನ ಕಿರುಫ್ಲಾಶ್‌ನಿಂದಲೇ ಕೆಲಸ ಮುಗಿಸಬಹುದು.

ಉಳಿದದ್ದು ಚುಟುಕಾಗಿ. ವಿಡಿಯೊ ತೆಗೆದ ಮೊದಲ ಡಿಎಸ್‌ಎಲ್‌ಆರ್ ಎಂಬ ಹೆಗ್ಗಳಿಕೆ ಡಿ90ಕ್ಕಿದ್ದರೂ ಈಗ ಅದರ 720ಪಿ ವಿಡಿಯೊವನ್ನು ಬಳಸುವ ಕಾರಣವಿಲ್ಲ. ಒಂದು ಚಾರ್ಜ್‌ಗೆ ಡಿ90ಕ್ಕೆ 850, ಕಾಂಪ್ಯಾಕ್ಟ್‌ಗೆ 330 ಚಿತ್ರ ಎಂಬುದು ತಯಾರಕರ ಲೆಕ್ಕ. ಎರಡನೆಯದಕ್ಕೆ ಹೆಚ್ಚುವರಿ ಬ್ಯಾಟರಿ ಕಡ್ಡಾಯ. ಡಿ90 ಎಸ್‌ಡಿಎಚ್‌ಸಿ ಕಾರ್ಡುಗಳವರೆಗೆ ಮಾತ್ರ ಓದುತ್ತದೆ, ಆದ್ದರಿಂದ 32 ಜಿಬಿ ಮೀರಿದ ಕಾರ್ಡ್ ಕೊಳ್ಳಬಾರದು.

ಈಗ ಚೀಲದಲ್ಲಿ ಡಿ90ರ ಮೇಲೆ ಖಾಯಂ ಆಗಿ ಕೂತಿರುವುದು 35 ಮಿ.ಮೀ. ಲೆನ್ಸ್, ಅಗಲ ನೋಟದ ಕೆಲಸವೆಲ್ಲ ಜೇಬಿನ ಕ್ಯಾಮೆರಾಕ್ಕೆ ವರ್ಗಾವಣೆಯಾಗಿದೆ, ಕಿಟ್ ಜೂಮ್ ಹೊರಬರುವುದು ಹಗಲು ಹೊತ್ತಿನಲ್ಲಿ ದೂರದ್ದನ್ನು ಹತ್ತಿರ ತರಬೇಕಾದಾಗ ಮಾತ್ರ.

ಇವೆರಡೂ ಈಗ ಬಳಸಿದ ಸರಕಾಗಿಯೇ ಹೆಚ್ಚು ಸಿಗುವುದರಿಂದ ಕೊಳ್ಳುವ ಮುನ್ನ ಮಾಡಬೇಕಾದ ಪರೀಕ್ಷೆಯೂ ಬೇರೆ ಬೇರೆ. ಡಿ90ರ ಶಟರನ್ನು ಒಂದು ಲಕ್ಷ ಸಲ ತೆರೆದು ಮುಚ್ಚಿ ಪರೀಕ್ಷಿಸಲಾಗಿದೆ ಎಂಬುದು ತಯಾರಕರ ಹೇಳಿಕೆ. ಆವರೆಗೆ ಎಷ್ಟು ಸಲ ತೆರೆದಿದೆ ಎಂಬ ಎಣಿಕೆ ಚಿತ್ರದ ಕಡತದೊಳಗೇ ದಾಖಲಾಗಿರುತ್ತದೆ, ಅದನ್ನು ಓದುವ ಉಚಿತ ತಂತ್ರಾಂಶಗಳಿವೆ. ಕಾಂಪ್ಯಾಕ್ಟ್‌ನಲ್ಲಿ ನೋಡಬೇಕಾದದ್ದು ಧೂಳನ್ನು. ಜೂಮ್ ಮಾಡಿದಾಗಲೆಲ್ಲ ಹೊರಚಾಚಿ ಒಳಸರಿಯುವ ಲೆನ್ಸ್ ಗಾಳಿಯೊಂದಿಗೆ ಕಣಗಳನ್ನೂ ಒಳಗೆಳೆಯುತ್ತದೆ. ಅಪರ್ಚರನ್ನು ಎಫ್/11ಕ್ಕೆ ಮುಚ್ಚಿ, ಫೋಕಸ್ ತಪ್ಪಿಸಿ, ಬಿಳಿ ಗೋಡೆಯ ಚಿತ್ರಗಳನ್ನು ತೆಗೆದಾಗ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬೂದು ಚುಕ್ಕೆ ಕಂಡರೆ ಅದು ಸೆನ್ಸರ್ ಮೇಲಿನ ಧೂಳು. ಡಿಎಸ್‌ಎಲ್‌ಆರ್‌ನಲ್ಲಾದರೆ ಲೆನ್ಸ್ ಬಿಚ್ಚಿ, ಕನ್ನಡಿಯನ್ನು ಮೇಲೆತ್ತಿಟ್ಟು, ರಬ್ಬರ್ ಬ್ಲೋಯರ್‌ನಿಂದ ಊದಿದರೆ ಬಹಳ ಸಲ ಹೋಗಿಬಿಡುತ್ತದೆ. ಕಾಂಪ್ಯಾಕ್ಟ್‌ನಲ್ಲಿ ಅದನ್ನು ತೆಗೆಯಲು ಇಡೀ ಲೆನ್ಸ್ ಭಾಗವನ್ನು ಬಿಚ್ಚಬೇಕು, ಅದಕ್ಕೆ ತಗಲುವ ಕೂಲಿಯನ್ನು ಬೆಲೆಯಲ್ಲಿ ಕಳೆದೇ ಮಾತಾಡಬೇಕು.