ತುಂಬಿದ ಕಾರ್ಡು ಬಲಗಿಸೆಗೆ, ಖಾಲಿ ಕಾರ್ಡು ಎಡಗಿಸೆಗೆ

ಕೊಪ್ಪಳದ ಗವಿಮಠದ ಜಾತ್ರೆಗೆ ಜನವರಿಯಲ್ಲಿ ಕ್ಯಾಮೆರಾ ತಗೊಂಡು ಹೋದೋರಿಗೆಲ್ಲ ಗೊತ್ತಿರುತ್ತೆ, ತೇರು ಎಳೆಯೋ ಹೊತ್ತಿಗೆ ಅಲ್ಲಿ ಕಾಲಿಡೋಕೂ ಜಾಗ ಇರಲ್ಲ, ಮೈಗೆ ಮೈ ಹತ್ತಿರುತ್ತೆ, ಜನ ತೇರಿಗೆ ಎಸೆದ ಉತ್ತತ್ತಿ ತಲೆ ಮೇಲೆ ಬೀಳ್ತಿರ್ತಾವೆ, ಅಂಥಾದ್ರಲ್ಲಿ ಕ್ಯಾಮೆರಾ ಮೆಮೊರಿ ಕಾರ್ಡ್ ಫುಲ್ ಅಂತ ತೋರಿಸಿದ್ರೆ ಕೈ ಹೆಂಗೆ ಗಡಿಬಿಡಿ ಆಗುತ್ತೆ ಅಂತ ನಾನು ಒಂದು ವರ್ಷ ಅನುಭವಿಸೀನಿ. ತುಂಬಿದ ಕಾರ್ಡು ತೆಗೆದು ಬ್ಯಾಗಿನ ಚೀಲಕ್ಕೆ ಹಾಕಿದೆ, ಅದೇ ಚೀಲದಿಂದ ಇನ್ನೊಂದು ಎಳೆದು ಕ್ಯಾಮೆರಾಕ್ಕೆ ಹಾಕಿದೆ, ಅದರಲ್ಲಿ ಆಗ್ಲೇ ಫೋಟೋ ಇದ್ವು, ಹೋದ ವಾರದ್ದಿರಬೇಕು ಅಂದ್ಕೊಂಡು ಕಾರ್ಡು ಖಾಲಿ ಮಾಡೋ ಫಾರ್ಮ್ಯಾಟ್ ಒತ್ತಿಬಿಟ್ಟೆ. ಅದು ಅವತ್ತು ಬೆಳಿಗ್ಗೆ ತುಂಬಿಸಿದ ಕಾರ್ಡು.

ಬೆಳಿಗ್ಗೆ ದಾಸೋಹದ ಹತ್ರ ಯಲಬುರ್ಗಾ ಕಡೆಯ ಒಬ್ಬ ಅಜ್ಜಿ ರೊಟ್ಟಿ ಗಂಟು ಮಡಿಲಲ್ಲಿ ಇಟ್ಕೊಂಡು ಕೂತಿದ್ರು. "ನಂದೂ ಒಂದು ತೆಗಿಯಪಾ, ಮನ್ಯಾಗ ಹಾಕ್ತೀನಿ" ಅಂತ ಕರೆದು, ಸೆರಗು ಸರಿ ಮಾಡ್ಕೊಂಡು, ಹಣೆ ವಿಭೂತಿ ಮುಟ್ಟಿ ನೋಡ್ಕೊಂಡು ಕೂತ್ರು. ಅವರ ಊರ ಹೆಸರು, ಮಗನ ಹೆಸರು ನನ್ನ ಪುಸ್ತಕದಲ್ಲಿ ಈಗಲೂ ಐತೆ, ಫೋಟೋ ಮಾತ್ರ ಇಲ್ಲ. ಅವತ್ತಿಂದ ಕಾರ್ಡು ಇಟ್ಕೊಳ್ಳೋ ರೀತಿನೇ ಬದಲು ಮಾಡಿದೆ. ನಾನು ಕಂಡ ಮಟ್ಟಿಗೆ ಕಾರ್ಡು ಕೆಟ್ಟು ಹೋಗೋ ಫೋಟೋಗಿಂತ ಹಿಂಗೆ ಕೈ ತಪ್ಪಿ ಹೋಗೋ ಫೋಟೋನೇ ಜಾಸ್ತಿ, ಅದಕ್ಕೇ ಒಂದೊಂದಾಗಿ ಹೇಳ್ತೀನಿ.

ಮೊದಲು ಲೆಕ್ಕ

ಎಷ್ಟು ಕಾರ್ಡು ಬೇಕು ಅನ್ನೋದು ನೀವು ತೆಗೆಯೋ ಫೋಟೋ ಮೇಲೆ ಐತೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಫೈಲು, ಅಂದ್ರೆ ಕ್ಯಾಮೆರಾ ತಿದ್ದದೆ ಉಳಿಸೋ ಮೂಲ ಫೋಟೋ, ಹೆಚ್ಚುಕಡಿಮೆ 25ರಿಂದ 30 ಎಂಬಿ ಅಂತ ಇಟ್ಕೊಳ್ರಿ, 64 ಜಿಬಿ ಕಾರ್ಡಲ್ಲಿ ಎರಡು ಸಾವಿರದ ಆಸುಪಾಸು ಹಿಡೀತಾವೆ. ಕೇಳೋಕೆ ಬಹಳ ಅನ್ಸುತ್ತೆ. ಆದ್ರೆ ದರೋಜಿ ಕರಡಿಧಾಮದಲ್ಲಿ ಮಧ್ಯಾಹ್ನದ ಮೇಲೆ ವಾಚ್ ಟವರಲ್ಲಿ ಕೂತು, ಎದುರಿನ ಬಂಡೆ ಮೇಲೆ ತಾಯಿ ಕರಡಿ ಮರಿನ ಬೆನ್ನ ಮೇಲೆ ಕೂರಿಸ್ಕೊಂಡು ಬಂತು ಅಂದ್ರೆ ಯಾರ ಬೆರಳೂ ನಿಲ್ಲಲ್ಲ, ಸೆಕೆಂಡಿಗೆ 10 ಫೋಟೋ ಲೆಕ್ಕದಲ್ಲಿ ಬರ್ಸ್ಟ್ ಒತ್ತಿ ಹಿಡಿದ್ರೆ ಎಲ್ಲಾ ಸೇರಿ ಒಂದೇ ನಿಮಿಷಕ್ಕೆ 600. ಅಲ್ಲಿಗೆ ನಾನು 64 ಜಿಬಿಯ ನಾಲ್ಕು ಕಾರ್ಡು ಒಯ್ತೀನಿ. ಒಂದೇ 256 ಜಿಬಿದು ತಗೊಂಡ್ರೆ ಬದಲಾಯಿಸೋ ತಾಪತ್ರಯನೇ ಇಲ್ಲ ಅಂತಾರೆ, ನಿಜ, ಆದ್ರೆ ಅದೊಂದು ಕಳೆದ್ರೆ ಇಡೀ ದಿನ ಕಳೆದಂಗೆ. ಕ್ಯಾಮೆರಾದಲ್ಲಿ ಎರಡು ಸ್ಲಾಟ್ ಇದ್ರೆ ಎರಡಕ್ಕೂ ಅದೇ ಫೋಟೋ ಬರೆಯೋ ಬ್ಯಾಕಪ್ ಸೆಟ್ಟಿಂಗ್ ಹಾಕ್ರಿ, ಮದುವೆ ತೆಗೆಯೋರಿಗಂತೂ ಇದು ಬೇಕೇ ಬೇಕು.

ವೇಗದ ಬಗ್ಗೆ ಜಾಸ್ತಿ ತಲೆ ಕೆಡಿಸ್ಕೋಬ್ಯಾಡ್ರಿ. ಕಾರ್ಡ್ ಮೇಲೆ ವಿ30 ಅಂತ ಇದ್ರೆ ಸೆಕೆಂಡಿಗೆ ಕನಿಷ್ಠ 30 ಎಂಬಿ ಬರೆಯುತ್ತೆ ಅಂತ ಅರ್ಥ, ಸಾಮಾನ್ಯ ಕೆಲಸಕ್ಕೆ ಸಾಕು. ಆದ್ರೆ ಹೊಸ ಕಾರ್ಡು ತಂದ ದಿನ ಮನೆಯಲ್ಲೇ ಪೂರ್ತಿ ತುಂಬಿಸಿ ಕಾಪಿ ಮಾಡಿ ನೋಡ್ರಿ, ನಕಲಿ ಕಾರ್ಡು 128 ಜಿಬಿ ಅಂತ ತೋರಿಸಿ ಒಳಗೆ ಅಷ್ಟು ಜಾಗ ಇರೋದೇ ಇಲ್ಲ, ಅದು ಕಾಡಲ್ಲಿ ಗೊತ್ತಾಗಬಾರದು.

ನಂಬರ್ ಮತ್ತು ಚೀಟಿ

ಪ್ರತಿ ಕಾರ್ಡಿಗೂ ಪರ್ಮನೆಂಟ್ ಮಾರ್ಕರ್‌ನಲ್ಲಿ ಲೇಬಲ್ ಮೇಲೆ 1, 2, 3 ಅಂತ ಬರೀರಿ. ಸ್ಟಿಕರ್ ಅಂಟಿಸಬ್ಯಾಡ್ರಿ, ಎಸ್‌ಡಿ ಕಾರ್ಡ್ ದಪ್ಪ ಬರೀ 2.1 ಮಿಲಿಮೀಟರ್, ಸ್ಲಾಟ್ ಅಷ್ಟಕ್ಕೇ ಮಾಡಿರ್ತಾರೆ, ಬಿಸಿಲಿಗೆ ಸ್ಟಿಕರ್ ಅಂಚು ಎದ್ದು ಒಳಗೆ ಸಿಕ್ಕಿಬಿದ್ರೆ ಕಾರ್ಡು ಹೊರಗೇ ಬರಲ್ಲ. ಇನ್ನೊಂದು ಕೆಲಸ, ಬಿಳಿ ಚೀಟಿ ಮೇಲೆ ನಿಮ್ಮ ಫೋನ್ ನಂಬರ್ ದೊಡ್ಡದಾಗಿ ಬರೆದು ಪ್ರತಿ ಕಾರ್ಡಿನ ಮೊದಲ ಫೋಟೋ ಅದನ್ನೇ ತೆಗೀರಿ. ಕಾರ್ಡು ಯಾರಿಗಾದ್ರೂ ಸಿಕ್ಕಿ ಅವರು ಹಾಕಿ ನೋಡಿದ್ರೆ ಮೊದಲು ಕಾಣೋದೇ ಅದು. ಫಾರ್ಮ್ಯಾಟ್ ಮಾಡಿದ್ರೆ ಚೀಟಿ ಫೋಟೋನೂ ಹೋಗುತ್ತೆ, ಪ್ರತಿ ಸಲ ಹೊಸದಾಗಿ ತೆಗೀಬೇಕು.

ಜೀನ್ಸ್ ತುಂಡಿನ ಚೀಲ

ಕಾರ್ಡನ್ನ ಬಿಡಿಯಾಗಿ ಕಿಸೆಗೆ ಹಾಕೋದು ಬ್ಯಾಡ. ಸಂಡೂರು ಕಡೆ ಅದಿರು ಲಾರಿ ಓಡಾಡೋ ರೋಡಲ್ಲಿ ಅರ್ಧ ಗಂಟೆ ಬೈಕಲ್ಲಿ ಹೋಗಿ ಕಿಸೆ ಒಳಗೆ ಬೆರಳು ಹಾಕಿ ನೋಡ್ರಿ, ಬೆರಳು ಕುಂಕುಮ ಮುಟ್ಟಿದಂಗೆ ಆಗಿರುತ್ತೆ. ಆ ಕೆಂಧೂಳು ಕಾರ್ಡಿನ ಹಿಂದಿನ ಚಿನ್ನದ ಬಣ್ಣದ ಪಟ್ಟಿ ಮೇಲೆ ಕೂತು, ಅಲ್ಲಿಂದ ಕ್ಯಾಮೆರಾ ಸ್ಲಾಟಿನ ಪಿನ್ನುಗಳಿಗೆ ಹೋಗುತ್ತೆ. ಕಾರ್ಡು ಹಾಳಾದ್ರೆ ಕಾರ್ಡಿನ ದುಡ್ಡು ಹೋಗುತ್ತೆ, ಪಿನ್ ಬಗ್ಗಿದ್ರೆ ಕ್ಯಾಮೆರಾ ರಿಪೇರಿಗೆ ಹೋಗುತ್ತೆ. ಅದಕ್ಕೆ ಪ್ರತಿ ಕಾರ್ಡು ಅದರ ಜೊತೆ ಬರೋ ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲೇ ಇರಲಿ.

ಡಬ್ಬಿಗಳನ್ನ ಇಡೋಕೆ ನಾನು ಬಳ್ಳಾರಿಯಲ್ಲೇ ಎರಡು ಚೀಲ ಹೊಲಿಸೀನಿ. ನಮ್ಮೂರಲ್ಲಿ ಜೀನ್ಸ್ ಹೊಲಿಯೋ ಮನೆಗಳಿಗೆ ಬರ ಇಲ್ಲ, ಕೌಲ್ ಬಜಾರ್ ಕಡೆ ಪರಿಚಯದ ಟೈಲರ್ ಅಣ್ಣನಿಗೆ ಹೇಳಿದೆ, "ಅಣ್ಣ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು ಇರ್ಲಿ, ಬಾಯಿಗೆ ಜಿಪ್ಪು, ಮೂಲೆಗೆ ಒಂದು ಕುಣಿಕೆ." ಕಟಿಂಗಲ್ಲಿ ಉಳಿದ ತುಂಡಿನಲ್ಲೇ ಹೊಲಿದುಕೊಟ್ರು. ಒಂದಕ್ಕೆ ಕೆಂಪು ದಾರ, ಇನ್ನೊಂದಕ್ಕೆ ಬಿಳಿ ದಾರ. ಕೆಂಪು ದಾರದ್ದು ತುಂಬಿದ ಕಾರ್ಡಿಗೆ, ಬಿಳಿ ದಾರದ್ದು ಖಾಲಿಗೆ. ಕುಣಿಕೆಗೆ ಸಣ್ಣ ಹಗ್ಗ ಕಟ್ಟಿ ಇನ್ನೊಂದು ತುದಿ ಬೆಲ್ಟಿಗೆ ಸಿಗಿಸ್ತೀನಿ, ಕೈಜಾರಿದ್ರೂ ನೆಲಕ್ಕೆ ಬೀಳಲ್ಲ. ಬಟ್ಟೆಯೊಳಗೆ ಬರಿ ಕಾರ್ಡು ಇಟ್ರೆ ಜೀನ್ಸಿನ ನೂಲಿನ ಪುಡಿ ಅಂಟುತ್ತೆ, ಡಬ್ಬಿ ಸಮೇತವೇ ಇಡಬೇಕು.

ಎಡ, ಬಲ

ಇದೇ ಮುಖ್ಯ ವಿಷಯ. ಖಾಲಿ ಕಾರ್ಡಿನ ಚೀಲ ಪ್ಯಾಂಟಿನ ಎಡಗಿಸೆಗೆ, ತುಂಬಿದ ಕಾರ್ಡಿನ ಚೀಲ ಬಲಗಿಸೆಗೆ. ಇವೆರಡೂ ಯಾವತ್ತೂ ಒಂದೇ ಕಡೆ ಸೇರಬಾರದು, ಬ್ಯಾಗಲ್ಲೂ ಅಷ್ಟೇ, ಊಟಕ್ಕೆ ಕೂತಾಗ ಟೇಬಲ್ ಮೇಲೂ ಅಷ್ಟೇ. ಶರ್ಟಿನ ಕಿಸೆ ಬ್ಯಾಡವೇ ಬ್ಯಾಡ. ಗಂಗಾವತಿ ಹತ್ರ ಹಿರೇಬೆಣಕಲ್ ಗುಡ್ಡದ ಶಿಲಾಸಮಾಧಿ ನೋಡೋಕೆ ಹೋದೋರು ಬಗ್ಗಿ ಕಲ್ಲುಕೋಣೆ ಒಳಗೆ ಹಣಿಕಿ ಹಾಕ್ತಾರೆ, ಆವಾಗ ಶರ್ಟಿನ ಕಿಸೆಯಲ್ಲಿದ್ದಿದ್ದು ಬಂಡೆ ಸಂದಿಗೆ ಬಿದ್ರೆ ತೆಗೆಯೋ ದಾರಿ ಇಲ್ಲ.

ಕಿಸೆ ಮರೆತುಹೋಗೋ ದಿನಾನೂ ಇರ್ತಾವೆ, ಅದಕ್ಕೆ ಇನ್ನೆರಡು ಗುರುತು ಇಟ್ಕೊಂಡೀನಿ. ಖಾಲಿ ಕಾರ್ಡು ಡಬ್ಬಿಯಲ್ಲಿ ಲೇಬಲ್ ಮೇಲೆ ಮಾಡಿ ಇಡ್ತೀನಿ, ತುಂಬಿದ್ದನ್ನ ಬೋರಲು ಹಾಕ್ತೀನಿ, ಡಬ್ಬಿ ತೆರೆದಾಗ ಚಿನ್ನದ ಪಟ್ಟಿ ಕಂಡ್ರೆ ಕೈ ತಾನಾಗೇ ಹಿಂದೆ ಬರುತ್ತೆ. ಎರಡನೇದು ಎಸ್‌ಡಿ ಕಾರ್ಡಿನ ಎಡ ಅಂಚಲ್ಲಿರೋ ಪುಟ್ಟ ಲಾಕ್. ತುಂಬಿದ ಕಾರ್ಡು ಹೊರಗೆ ಬಂದ ತಕ್ಷಣ ಅದನ್ನ ಉಗುರಲ್ಲಿ ಕೆಳಗೆ ತಳ್ಳಿಬಿಡ್ರಿ. ತಪ್ಪಿ ಮತ್ತೆ ಕ್ಯಾಮೆರಾಕ್ಕೆ ಹಾಕಿದ್ರೂ ಕಾರ್ಡ್ ಲಾಕ್ ಆಗಿದೆ ಅಂತ ಹೇಳುತ್ತೆ, ಫಾರ್ಮ್ಯಾಟ್ ಆಗಲ್ಲ. ಅವತ್ತು ಕೊಪ್ಪಳದಲ್ಲಿ ಇದೊಂದು ಮಾಡಿದ್ರೂ ಅಜ್ಜಿ ಫೋಟೋ ಉಳೀತಿತ್ತು. ಮೈಕ್ರೋ ಎಸ್‌ಡಿ ಕಾರ್ಡಿಗೆ, ಸಿಎಫ್ ಎಕ್ಸ್‌ಪ್ರೆಸ್ ಅನ್ನೋ ಇನ್ನೊಂದು ಬಗೆಯ ಕಾರ್ಡಿಗೆ ಈ ಲಾಕ್ ಇರಲ್ಲ, ಅವನ್ನ ಬಳಸೋರು ಬೋರಲು ಹಾಕೋ ರೂಢಿ ಬಿಡಬಾರದು.

ಬದಲಾಯಿಸೋ ಕ್ರಮ

ಕಾರ್ಡು ತುಂಬೋ ತನಕ ಕಾಯಬ್ಯಾಡ್ರಿ. ನೂರಿನ್ನೂರು ಫೋಟೋ ಜಾಗ ಉಳಿದಿರುವಾಗಲೇ, ತೇರು ಅಲುಗಾಡೋಕೆ ಮುಂಚೆ, ಕರಡಿ ಬರೋಕೆ ಮುಂಚೆ ಬದಲಾಯಿಸ್ಬೇಕು. ಗಾಳಿಗೆ ಬೆನ್ನು ಮಾಡಿ ಕೂತ್ಕೊಳ್ರಿ, ನಿಂತು ಮಾಡಿದ್ರೆ ಬಿದ್ದಿದ್ದು ಸಿಗಲ್ಲ, ಅದರಲ್ಲೂ ರಾಯಚೂರು ಕಡೆ ಎರೆಹೊಲದಲ್ಲಿ ಕರೀ ಕಾರ್ಡು ಕರೀ ಮಣ್ಣಿನ ಬಿರುಕಿಗೆ ಬಿದ್ರೆ ಮುಗೀತು. ಕ್ಯಾಮೆರಾ ಆಫ್ ಮಾಡ್ರಿ, ಕಾರ್ಡಿಗೆ ಬರೆಯುವಾಗ ಉರಿಯೋ ಸಣ್ಣ ದೀಪ ಆರಿದೆಯಾ ನೋಡ್ರಿ, ಅದು ಉರೀತಿರುವಾಗ ಕಾರ್ಡು ಎಳೆದ್ರೆ ಕೊನೆಯ ಫೋಟೋಗಳ ಜೊತೆ ಇಡೀ ಕಾರ್ಡಿನ ಫೈಲುಗಳೂ ಕೆಡಬಹುದು. ಆಮೇಲೆ ತುಂಬಿದ್ದನ್ನ ತೆಗೀರಿ, ಲಾಕ್ ತಳ್ಳಿ, ಡಬ್ಬಿ ಮುಚ್ಚಿ, ಬಲಗಿಸೆಗೆ ಹಾಕಿ ಜಿಪ್ಪು ಎಳೀರಿ. ಅದಾದ ಮೇಲೇನೇ ಎಡಗಿಸೆಗೆ ಕೈ ಹೋಗಬೇಕು. ಒಂದು ಸಲಕ್ಕೆ ಕೈಯಲ್ಲಿ ಒಂದೇ ಕಾರ್ಡು. ಹಲ್ಲಲ್ಲಿ ಕಚ್ಚಿ ಹಿಡಿಯೋ ಅಭ್ಯಾಸ ಎಷ್ಟೋ ಜನಕ್ಕೆ ಐತೆ, ದಯವಿಟ್ಟು ಬಿಡ್ರಿ, ಎಂಜಲು ಪಟ್ಟಿಗೆ ತಾಗುತ್ತೆ.

ಬಿಸಿಲಿಗೆ ಕಾರ್ಡು ಕೆಡುತ್ತೆ ಅಂತ ನಮ್ಮ ಕಡೆ ಎಲ್ಲರೂ ಹೆದರ್ತಾರೆ. ಬಹಳಷ್ಟು ಕಾರ್ಡುಗಳು 85 ಡಿಗ್ರಿವರೆಗೆ ತಡೀತಾವೆ, ಅದಕ್ಕಿಂತ ಮೊದಲು ಕ್ಯಾಮೆರಾ ಸುಸ್ತಾಗುತ್ತೆ, ಎಷ್ಟೋ ಕ್ಯಾಮೆರಾದ ಪುಸ್ತಕದಲ್ಲಿ 40 ಡಿಗ್ರಿವರೆಗೆ ಅಂತಲೇ ಬರೆದಿರ್ತಾರೆ, ರಾಯಚೂರಿನ ಮೇ ತಿಂಗಳಿಗೆ ಅದು ಸಾಲಲ್ಲ. ಆದ್ರೂ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಕಾರ್ಡು ಇಟ್ಟು ಹೋಗಬ್ಯಾಡ್ರಿ, ಆನೆಗೊಂದಿ ಕಡೆ ತೆಪ್ಪ ಹತ್ತೋ ಮುಂಚೆ ಎರಡೂ ಚೀಲ ಜಿಪ್ಪಿನ ಪ್ಲಾಸ್ಟಿಕ್ ಕವರಿಗೆ ಹಾಕ್ರಿ, ಕವರು ಬೇರೆ ಬೇರೆ ಇರಲಿ. ಒದ್ದೆ ಆದ್ರೆ ಒರೆಸಿ ನೆರಳಲ್ಲಿ ಒಂದೆರಡು ದಿನ ಬಿಡ್ರಿ, ಒಣಗೋಕೆ ಮುಂಚೆ ಎಲ್ಲೂ ಹಾಕಿ ನೋಡಬ್ಯಾಡ್ರಿ.

ತಪ್ಪಿ ಅಳಿಸಿದ್ರೆ

ಅವತ್ತು ನಾನು ಮಾಡಿದ ದೊಡ್ಡ ತಪ್ಪು ಫಾರ್ಮ್ಯಾಟ್ ಅಲ್ಲ, ಅದಾದ ಮೇಲೆ ಅದೇ ಕಾರ್ಡಲ್ಲಿ ಮುನ್ನೂರು ಫೋಟೋ ತೆಗೆದಿದ್ದು. ಕ್ಯಾಮೆರಾದಲ್ಲಿ ಫಾರ್ಮ್ಯಾಟ್ ಮಾಡಿದಾಗ ಸಾಮಾನ್ಯವಾಗಿ ಅಳಿಯೋದು ಯಾವ ಫೋಟೋ ಎಲ್ಲೈತೆ ಅನ್ನೋ ಪಟ್ಟಿ ಅಷ್ಟೇ, ಫೋಟೋ ಅಲ್ಲೇ ಕೂತಿರ್ತಾವೆ, ಅವುಗಳ ಮೇಲೆ ಹೊಸದು ಬರೆದಾಗ ನಿಜವಾಗಿ ಹೋಗ್ತಾವೆ. ಅದಕ್ಕೆ ತಪ್ಪು ಗೊತ್ತಾದ ಕ್ಷಣ ಆ ಕಾರ್ಡು ಹೊರಗೆ ತೆಗೆದು ಲಾಕ್ ಮಾಡಿ ಬಲಗಿಸೆಗೆ ಹಾಕ್ರಿ. ಮನೆಗೆ ಬಂದು ಫೋಟೋರೆಕ್ ಥರದ ಉಚಿತ ಸಾಫ್ಟ್‌ವೇರ್ ಹಾಕಿ ಹುಡುಕಿಸ್ರಿ, ಸಿಕ್ಕ ಫೈಲುಗಳನ್ನ ಅದೇ ಕಾರ್ಡಿಗೆ ಹಾಕದೆ ಕಂಪ್ಯೂಟರಿಗೆ ಹಾಕ್ರಿ. ನನಗೆ ಹಂಗೆ ಸುಮಾರು ಫೋಟೋ ವಾಪಸ್ ಸಿಕ್ವು, ಅಜ್ಜಿದು ಕಾರ್ಡಿನ ಮೊದಮೊದಲ ಫೋಟೋ, ಸಿಗಲಿಲ್ಲ.

ಮನೆಗೆ ಬಂದ ಮೇಲೆ

ಚಪ್ಪಲಿ ಬಿಟ್ಟ ಮೇಲೆ ಮೊದಲ ಕೆಲಸ ಎಣಿಸೋದು. ಒಯ್ದಿದ್ದು ನಾಲ್ಕು, ಬಂದಿದ್ದು ನಾಲ್ಕು, ನಂಬರ್ ಓದಿ ಎಣಿಸ್ರಿ, ಒಂದು ಕಮ್ಮಿ ಆದ್ರೆ ಅವತ್ತೇ ಹುಡುಕೋಕಾಗುತ್ತೆ. ಆಮೇಲೆ ಕಾರ್ಡಿಗೊಂದು ಫೋಲ್ಡರ್ ಮಾಡಿ ಕಾಪಿ ಹಾಕ್ರಿ, ತಾರೀಖು, ಊರು, ಕಾರ್ಡಿನ ನಂಬರ್ ಸೇರಿಸಿ ಹೆಸರು ಕೊಡ್ರಿ. ಇಲ್ಲಿ ಮೂವ್ ಅಂತ ಕೊಡಬ್ಯಾಡ್ರಿ, ಮಧ್ಯೆ ಕರೆಂಟ್ ಹೋದ್ರೆ ಅತ್ತಲೂ ಇಲ್ಲ ಇತ್ತಲೂ ಇಲ್ಲ ಅಂತಾಗಬಹುದು, ಕಾಪಿನೇ ಮಾಡ್ರಿ. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೂ ಇನ್ನೊಂದು ಕಾಪಿ ಹಾಕಿ, ಎರಡೂ ಕಡೆ ಫೈಲುಗಳ ಸಂಖ್ಯೆ ತಾಳೆ ನೋಡಿ, ನಾಲ್ಕಾರು ಫೋಟೋ ದೊಡ್ಡದು ಮಾಡಿ ತೆರೆದು ನೋಡ್ರಿ.

ಅವತ್ತು ರಾತ್ರಿನೇ ಫಾರ್ಮ್ಯಾಟ್ ಮಾಡಬ್ಯಾಡ್ರಿ. ದಣಿದಿರ್ತೀರಿ, ಕಣ್ಣು ಎಳೀತಿರ್ತಾವೆ. ಕಾರ್ಡುಗಳು ಕೆಂಪು ದಾರದ ಚೀಲದಲ್ಲೇ ಬೋರಲು ಮಲಗಿರಲಿ. ನಾನು ಮಾರನೇ ದಿನ ಚಹಾ ಕುಡಿದು, ಎರಡೂ ಕಾಪಿ ಇನ್ನೊಂದು ಸಲ ತೆರೆದು ನೋಡಿ, ಒಂದೊಂದೇ ಕಾರ್ಡಿನ ಲಾಕ್ ಮೇಲೆ ಮಾಡಿ, ಕಂಪ್ಯೂಟರ್ ಬಿಟ್ಟು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಕೊಟ್ಟು, ಚೀಟಿ ಫೋಟೋ ತೆಗೆದು, ಲೇಬಲ್ ಮೇಲೆ ಮಾಡಿ ಬಿಳಿ ದಾರದ ಚೀಲಕ್ಕೆ ಹಾಕ್ತೀನಿ.