ನೂರಕ್ಕೆ ನಾಲ್ಕು ಎಂದರೆ ಯಾರಿಗೆ ನಾಲ್ಕು?
ಅಮೆರಿಕದ ದೊಡ್ಡ ವಿಶ್ವವಿದ್ಯಾಲಯದಲ್ಲಿ ಸೀಟು ಸಿಗುವ ಸಾಧ್ಯತೆಯನ್ನು ಮನೆಯಲ್ಲೇ ಅಂದಾಜು ಮಾಡುವ ಬಗೆ

ಸಿಇಟಿ ರ‍್ಯಾಂಕ್ ಕೈಗೆ ಬಂದರೆ ಹಿಂದಿನ ವರ್ಷದ ಕಟ್‌ಆಫ್ ಪಟ್ಟಿ ಹರಡಿಕೊಂಡು ಯಾವ ಕಾಲೇಜು, ಯಾವ ಬ್ರಾಂಚ್ ಎಂದು ಹೆಚ್ಚುಕಡಿಮೆ ಹೇಳಿಬಿಡಬಹುದು. ಹಾರ್ವರ್ಡ್, ಎಂಐಟಿ, ಸ್ಟ್ಯಾನ್‌ಫರ್ಡ್‌ಗಳ ಪದವಿ ಪ್ರವೇಶದಲ್ಲಿ ಅಂಥ ಗೆರೆ ಇಲ್ಲ. ಅಂಕ, ಪ್ರಬಂಧ, ಶಿಫಾರಸು ಪತ್ರ, ಶಾಲೆಯ ಹೊರಗಿನ ಸಾಧನೆ ಎಲ್ಲವನ್ನೂ ಒಟ್ಟಿಗೆ ಓದಿ ನಿರ್ಧರಿಸುತ್ತಾರೆ. ಹಾಗೆಂದು ಎಲ್ಲವೂ ಅದೃಷ್ಟವಲ್ಲ. ಒಂದು ಒರಟು ಅಂದಾಜು ಸಾಧ್ಯ. ಅದು ತಪ್ಪುವುದು ಬಹುತೇಕ ಒಂದೇ ಕಡೆ, ಛೇದದಲ್ಲಿ. ಯಾರನ್ನು ಯಾರ ಜೊತೆ ಹೋಲಿಸುತ್ತಿದ್ದೇವೆ ಎಂಬುದನ್ನೇ ನೋಡದೆ ಲೆಕ್ಕ ಹಾಕುತ್ತೇವೆ.

ಹಾರ್ವರ್ಡ್ ಉದಾಹರಣೆ ತೆಗೆದುಕೊಳ್ಳಿ. 2024ರಲ್ಲಿ ಸೇರುವ ತಂಡಕ್ಕೆ 54,008 ಅರ್ಜಿ ಬಂದಿದ್ದವು, 1,937 ಜನಕ್ಕೆ ಪ್ರವೇಶ ಸಿಕ್ಕಿತು. ಶೇ 3.59. ಆದರೆ ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವುದರ ವಿರುದ್ಧ ಈ ವಿಶ್ವವಿದ್ಯಾಲಯದ ಮೇಲೆ ಹೂಡಿದ ಮೊಕದ್ದಮೆಯಲ್ಲಿ (ಸುಪ್ರೀಂ ಕೋರ್ಟ್ ತೀರ್ಪು 2023ರ ಜೂನ್‌ನಲ್ಲಿ ಬಂತು) ಹೊರಬಿದ್ದ ಸಂಗತಿ ಬೇರೆಯೇ ಇದೆ. ಕಾಲೇಜಿನ ಕ್ರೀಡಾ ತಂಡಕ್ಕೆಂದೇ ಆರಿಸಿದ ಕ್ರೀಡಾಪಟುಗಳು, ಹಳೇ ವಿದ್ಯಾರ್ಥಿಗಳ ಮಕ್ಕಳು, ಡೀನ್ ಗಮನದ ಪಟ್ಟಿಯಲ್ಲಿರುವವರು (ದಾನಿಗಳ ನಂಟರಂಥವರು), ಅಲ್ಲಿನ ಸಿಬ್ಬಂದಿಯ ಮಕ್ಕಳು ಸೇರಿ ಅರ್ಜಿದಾರರಲ್ಲಿ ಶೇ 5ಕ್ಕಿಂತ ಕಡಿಮೆ, ಪ್ರವೇಶ ಪಡೆದವರಲ್ಲಿ ಮಾತ್ರ ಸುಮಾರು ಶೇ 30. ದಾವಣಗೆರೆಯ ಪಿಯು ವಿದ್ಯಾರ್ಥಿ ಈ ಸಾಲಿನಲ್ಲಿ ಇಲ್ಲ. ಹಾಗಾದರೆ ಅವರನ್ನು ಕಳೆದುಬಿಡಿ: 1,937ರ ಶೇ 70 ಎಂದರೆ ಸುಮಾರು 1,356 ಸೀಟು, 54,008ರ ಶೇ 95 ಎಂದರೆ ಸುಮಾರು 51,300 ಅರ್ಜಿ. ಶೇ 2.6 ಉಳಿಯಿತು. ಮೊಕದ್ದಮೆಯ ಅನುಪಾತ ಹಳೆಯ ವರ್ಷಗಳದ್ದು, ಆದ್ದರಿಂದ ದಶಮಾಂಶಕ್ಕೆ ಜೋತುಬೀಳಬೇಡಿ. ಕಳೆಯುವ ಕ್ರಮ ತಿಳಿದರೆ ಸಾಕು.

ಮೊದಲು ದಾಖಲೆ ಇಳಿಸಿಕೊಳ್ಳಿ

ವಿಶ್ವವಿದ್ಯಾಲಯದ ಹೆಸರಿನ ಜೊತೆ 'ಕಾಮನ್ ಡೇಟಾ ಸೆಟ್' ಎಂದು ಹುಡುಕಿ. ಬಹುಪಾಲು ಸಂಸ್ಥೆಗಳು ಒಂದೇ ನಮೂನೆಯ ಈ ದಾಖಲೆಯನ್ನು ವರ್ಷಕ್ಕೊಮ್ಮೆ ಪ್ರಕಟಿಸುತ್ತವೆ. ಮೂರು ವರ್ಷದ್ದು ಇಳಿಸಿ, ಒಂದೇ ವರ್ಷದ್ದನ್ನು ನಂಬಬೇಡಿ. ಎಲ್ಲ ಪುಟ ಓದಬೇಕಿಲ್ಲ. ಸಿ1 ಎಂಬ ವಿಭಾಗದಲ್ಲಿ ಅರ್ಜಿ ಮತ್ತು ಪ್ರವೇಶದ ಸಂಖ್ಯೆ ಇರುತ್ತದೆ. ಇತ್ತೀಚಿನ ನಮೂನೆಯಲ್ಲಿ ಅದೇ ರಾಜ್ಯದವರು, ಹೊರರಾಜ್ಯದವರು, ವಿದೇಶಿಯರು ಎಂಬ ವಿಂಗಡಣೆಯೂ ಇದೆ. ವಿದೇಶಿಯರ ಸಾಲು ತುಂಬಿದ್ದರೆ ನಿಮ್ಮ ಛೇದ ಅಲ್ಲೇ ಸಿಕ್ಕಿತು. ಖಾಲಿ ಇದ್ದರೆ ಬಿ2ರಲ್ಲಿ ಮೊದಲ ವರ್ಷದ ವಿದೇಶಿ ವಿದ್ಯಾರ್ಥಿಗಳು ಎಷ್ಟಿದ್ದಾರೆ ನೋಡಿ. ವಿದೇಶಿಯರಿಗೆ ಮಿತಿ ಇದೆ ಎಂದು ಎಂಐಟಿ ತಾನೇ ಹೇಳಿಕೊಳ್ಳುತ್ತದೆ. ಅಂಥ ಕಡೆ ಒಟ್ಟು ಶೇಕಡಾವಾರು ನಮಗೆ ಉಪಯೋಗಕ್ಕೆ ಬಾರದು.

ಸಿ7 ಒಂದು ಪುಟದ ಕೋಷ್ಟಕ. ಅಂಕ, ಪ್ರಬಂಧ, ಸಂದರ್ಶನ, ಹಳೇ ವಿದ್ಯಾರ್ಥಿಯ ನಂಟು ಇವುಗಳಲ್ಲಿ ಯಾವುದು ಬಹಳ ಮುಖ್ಯ, ಯಾವುದನ್ನು ನೋಡುವುದೇ ಇಲ್ಲ ಎಂದು ಟಿಕ್ ಹಾಕಿರುತ್ತಾರೆ. ಅರ್ಜಿ ಹಾಕುವ ಹತ್ತೂ ಕಡೆಯ ಸಿ7ಗಳನ್ನು ಪಕ್ಕಪಕ್ಕ ಇಟ್ಟರೆ ಎಲ್ಲಿ ಶ್ರಮ ಹಾಕಬೇಕೆಂದು ತಿಳಿಯುತ್ತದೆ.

ಸ್ಯಾಟ್ ಅಂಕವನ್ನು ಮೇಲಿನ ಗೆರೆಗೆ ಹಿಡಿದು ನೋಡಿ

ಸಿ9ರಲ್ಲಿ ಅಮೆರಿಕದ ಕಾಲೇಜು ಪ್ರವೇಶ ಪರೀಕ್ಷೆಯಾದ ಸ್ಯಾಟ್‌ನ 25, 50, 75ನೇ ಪರ್ಸೆಂಟೈಲ್ ಅಂಕಗಳಿರುತ್ತವೆ (75ನೇ ಪರ್ಸೆಂಟೈಲ್ ಎಂದರೆ ನೂರರಲ್ಲಿ ಸುಮಾರು 75 ಜನ ಅದಕ್ಕಿಂತ ಕೆಳಗಿರುವ ಅಂಕ). 'ನಮ್ಮವನದು ನಡುವಿನಲ್ಲಿದೆ, ಸಾಕು' ಎಂದುಕೊಳ್ಳುವವರೇ ಹೆಚ್ಚು. ಸಾಲದು. ಇವು ಸೇರಿದವರ ಅಂಕಗಳು, ಅದರಲ್ಲೂ ಅಂಕ ಕಳಿಸಿದವರದ್ದು ಮಾತ್ರ. ಕೆಳಗಿನ ಕಾಲು ಭಾಗದಲ್ಲಿ ಮೇಲೆ ಹೇಳಿದ ವಿಶೇಷ ಸಾಲಿನವರೂ ಇರುತ್ತಾರೆ. ಅಂಥ ಆಸರೆ ಇಲ್ಲದ ವಿದ್ಯಾರ್ಥಿ 75ನೇ ಪರ್ಸೆಂಟೈಲ್ ಹತ್ತಿರ ಇರಬೇಕು. ಗೆರೆ ದಾಟಿದ ಮೇಲೆ ಇನ್ನೂ 20 ಅಂಕಕ್ಕಾಗಿ ಮೂರನೇ ಸಲ ಪರೀಕ್ಷೆ ಬರೆಯುವುದು ದುಡ್ಡು ದಂಡ.

ಅಂಕ ಬೇಕೇ ಬೇಡವೇ ಎಂಬುದನ್ನೂ ಖಚಿತ ಮಾಡಿಕೊಳ್ಳಿ. ಎಂಐಟಿ 2022ರಲ್ಲೇ ಪರೀಕ್ಷೆಯನ್ನು ಮತ್ತೆ ಕಡ್ಡಾಯ ಮಾಡಿತು; ಹಾರ್ವರ್ಡ್, ಬ್ರೌನ್, ಡಾರ್ಟ್‌ಮತ್, ಕ್ಯಾಲ್‌ಟೆಕ್ 2024ರಲ್ಲಿ ಅದೇ ದಾರಿ ಹಿಡಿದವು. ಬರ್ಕ್ಲಿ, ಲಾಸ್ ಏಂಜಲೀಸ್ ಸೇರಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳು ಪ್ರವೇಶಕ್ಕೆ ಸ್ಯಾಟ್ ನೋಡುವುದೇ ಇಲ್ಲ.

ನಮ್ಮ ಅಂಕಪಟ್ಟಿ ಅವರಿಗೆ ಕಾಣುವ ರೀತಿ

ಅಲ್ಲಿನವರು ಕೇಳುವುದು 9ರಿಂದ 12ನೇ ತರಗತಿವರೆಗಿನ ನಾಲ್ಕೂ ವರ್ಷಗಳ ದಾಖಲೆ. ನಮ್ಮಲ್ಲಿ ಎಡವುವುದು ಇಲ್ಲೇ. ಎಸ್‌ಎಸ್‌ಎಲ್‌ಸಿಯಲ್ಲಿ 97 ತೆಗೆದ ಹುಡುಗಿ ಫಸ್ಟ್ ಪಿಯುನಲ್ಲಿ ಜೆಇಇ ಕೋಚಿಂಗ್‌ಗೆ ಬಿದ್ದು, 'ಕಾಲೇಜಿನ ಪರೀಕ್ಷೆ ತಾನೆ' ಎಂದು ಬಿಟ್ಟು 78ಕ್ಕೆ ಇಳಿದಿರುತ್ತಾಳೆ. ಸೆಕೆಂಡ್ ಪಿಯು ಬೋರ್ಡ್ ಫಲಿತಾಂಶ ಬರುವ ಹೊತ್ತಿಗೆ ಅವರ ನಿರ್ಧಾರ ಮುಗಿದಿರುತ್ತದೆ. ಹಾಗಾಗಿ ಯಾರೂ ಕೇಳದ ಆ ಫಸ್ಟ್ ಪಿಯು ಅಂಕವೇ ಅರ್ಜಿಯಲ್ಲಿ ಎದ್ದು ಕಾಣುತ್ತದೆ. ಇಂಥ ಇಳಿತವಿದ್ದರೆ ಅಂದಾಜನ್ನು ಅರ್ಧಕ್ಕೆ ಇಳಿಸುವುದೇ ನ್ಯಾಯ.

ಇನ್ನೊಂದು ತೊಡಕು ಪ್ರಿನ್ಸಿಪಾಲರ ಪತ್ರ. ಅಮೆರಿಕದ ಶಾಲೆಗಳಲ್ಲಿ ಕೌನ್ಸೆಲರ್ ಬರೆಯುವ ಪತ್ರವನ್ನು ನಮ್ಮ ಪಿಯು ಕಾಲೇಜಿನಲ್ಲಿ ಪ್ರಿನ್ಸಿಪಾಲರೇ ಬರೆಯಬೇಕು. 'ಸನ್ನಡತೆಯ ವಿದ್ಯಾರ್ಥಿ' ಎಂಬ ನಾಲ್ಕು ಸಾಲು ಬಂದರೆ ಅದು ಇದ್ದೂ ಇಲ್ಲದಂತೆ. ತರಗತಿಯ ಗಾತ್ರ, ಅದರಲ್ಲಿ ಈ ವಿದ್ಯಾರ್ಥಿಯ ಸ್ಥಾನ, ಎರಡು ನಿರ್ದಿಷ್ಟ ಘಟನೆ ಇಷ್ಟನ್ನು ಒಂದು ಪುಟದಲ್ಲಿ ಬರೆದು ಜುಲೈನಲ್ಲೇ ಅವರ ಕೈಗೆ ಕೊಡಿ.

ಸಾಧನೆಯನ್ನು ಅಳೆಯಿರಿ

ಹಲವು ಕಾಲೇಜುಗಳಿಗೆ ಒಂದೇ ನಮೂನೆಯಲ್ಲಿ ಹಾಕುವ ಕಾಮನ್ ಆ್ಯಪ್ ಎಂಬ ಆನ್‌ಲೈನ್ ಅರ್ಜಿಯಲ್ಲಿ ಚಟುವಟಿಕೆಗೆ 10 ಸಾಲು, ಪ್ರತಿಯೊಂದರ ವಿವರಣೆಗೆ 150 ಅಕ್ಷರ, ಅಷ್ಟೇ. ಅಳತೆಗೋಲು ಬೇಕಿದ್ದರೆ ಹಾರ್ವರ್ಡ್ ಮೊಕದ್ದಮೆಯಲ್ಲೇ ಇದೆ. ಅಲ್ಲಿ ಓದು, ಇತರ ಚಟುವಟಿಕೆ, ಕ್ರೀಡೆ, ವ್ಯಕ್ತಿತ್ವಗಳಿಗೆ 1ರಿಂದ 6ರವರೆಗೆ ಅಂಕ ಕೊಡುತ್ತಾರೆ, 1 ಅತ್ಯುತ್ತಮ. ಚಟುವಟಿಕೆಯಲ್ಲಿ ರಾಷ್ಟ್ರಮಟ್ಟದ ಸಾಧನೆ ಇದ್ದರೆ 1ರ ಮಾತು. ಶಾಲಾ ನಾಯಕತ್ವ, ಪತ್ರಿಕೆಯ ಸಂಪಾದಕತ್ವದಂಥವು 2ರ ಸುತ್ತ. ನಮ್ಮ ಲೆಕ್ಕದಲ್ಲಿ ಗಣಿತ ಒಲಿಂಪಿಯಾಡ್‌ನ ಮೊದಲ ಹಂತ ಬರೆದದ್ದು ಸಾಧನೆಯಲ್ಲ, ಐಎನ್‌ಎಂಒ (ಭಾರತದ ರಾಷ್ಟ್ರೀಯ ಗಣಿತ ಒಲಿಂಪಿಯಾಡ್) ಹಂತದಲ್ಲಿ ಆಯ್ಕೆಯಾದದ್ದು ಸಾಧನೆ. ಸಂಗೀತದ ವಿದ್ವತ್ ಪರೀಕ್ಷೆ ಪಾಸಾಗಿದ್ದರೆ 'ವಿದ್ವತ್' ಎಂದಷ್ಟೇ ಬರೆದರೆ ಬಾಸ್ಟನ್‌ನಲ್ಲಿ ಕೂತವರಿಗೆ ಏನೂ ತಿಳಿಯದು. ಜೂನಿಯರ್, ಸೀನಿಯರ್ ದಾಟಿ ಬರುವ ಮೇಲಿನ ಹಂತ ಎಂದು ಬಿಡಿಸಿ ಹೇಳಬೇಕು. ದುಡ್ಡು ಕೊಟ್ಟು ಸೇರುವ ಬೇಸಿಗೆ ಶಿಬಿರದ ಸರ್ಟಿಫಿಕೇಟನ್ನು ಲೆಕ್ಕದಿಂದ ತೆಗೆದುಬಿಡಿ.

ನವೆಂಬರ್ ಅರ್ಜಿಯ ಭ್ರಮೆ

ಅರ್ಲಿ ಡಿಸಿಷನ್ ಎಂದರೆ ಸಾಮಾನ್ಯವಾಗಿ ನವೆಂಬರ್ 1ಕ್ಕೆ ಒಂದೇ ಕಡೆ ಹಾಕುವ, ಸಿಕ್ಕರೆ ಸೇರಲೇಬೇಕಾದ ಅರ್ಜಿ. ಇದರ ಸಂಖ್ಯೆ ಸಿ21ರಲ್ಲಿದೆ. ಒಂದು ಕಾಲ್ಪನಿಕ ಕಾಲೇಜು: ಒಟ್ಟು 40,000 ಅರ್ಜಿ, 2,400 ಪ್ರವೇಶ, ಶೇ 6. ಅದರಲ್ಲಿ ಅರ್ಲಿ 5,000 ಅರ್ಜಿ, 900 ಪ್ರವೇಶ, ಶೇ 18. ಕಳೆದರೆ ಉಳಿದ 35,000ಕ್ಕೆ 1,500, ಅಂದರೆ ಶೇ 4.3. ಬೇಗ ಹಾಕಿದರೆ ನಾಲ್ಕು ಪಟ್ಟು ಎಂದು ಕನ್ಸಲ್ಟೆನ್ಸಿಗಳು ಹೇಳುವುದು ಈ ಅಂಕಿ ಹಿಡಿದೇ. ಆದರೆ ಆ 900ರಲ್ಲಿ ಕ್ರೀಡಾಪಟುಗಳೂ ಹಳೇ ವಿದ್ಯಾರ್ಥಿಗಳ ಮಕ್ಕಳೂ ತುಂಬಿರುತ್ತಾರೆ. ನಿಜವಾದ ಲಾಭ ಇದೆ, ಇಷ್ಟು ಅಲ್ಲ.

ಹಣದ ಪ್ರಶ್ನೆ ಕೊನೆಗಲ್ಲ, ಮೊದಲಿಗೆ

ಖಾಸಗಿ ವಿಶ್ವವಿದ್ಯಾಲಯದ ವರ್ಷದ ಖರ್ಚು ಹಲವೆಡೆ 80,000 ಡಾಲರ್ ದಾಟುತ್ತದೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆ್ಯಮ್‌ಹರ್ಸ್ಟ್, ಡಾರ್ಟ್‌ಮತ್, ಬೌಡನ್‌ನಂಥ ಕೆಲವೇ ಕಡೆ ವಿದೇಶಿ ವಿದ್ಯಾರ್ಥಿ ನೆರವು ಕೇಳಿದರೂ ಅದು ಪ್ರವೇಶದ ನಿರ್ಧಾರಕ್ಕೆ ಅಡ್ಡಬರುವುದಿಲ್ಲ. ಬಹುಪಾಲು ಉಳಿದೆಡೆ ಬರುತ್ತದೆ. ಎಚ್6 ತೆರೆದು ಎಷ್ಟು ವಿದೇಶಿಯರಿಗೆ, ಸರಾಸರಿ ಎಷ್ಟು ನೆರವು ಸಿಕ್ಕಿದೆ ನೋಡಿ. ಅಲ್ಲಿ ಬೆರಳೆಣಿಕೆಯಷ್ಟೇ ಜನರಿದ್ದರೆ, ನೆರವು ಬೇಕಾದ ವಿದ್ಯಾರ್ಥಿಗೆ ಆ ಕಾಲೇಜಿನ ಉಳಿದ ಲೆಕ್ಕವೆಲ್ಲ ವ್ಯರ್ಥ. ನೆರವಿನ ಮೊತ್ತ ತಿಳಿಯದೆ ಅರ್ಲಿ ಡಿಸಿಷನ್‌ಗೆ ಸಹಿ ಹಾಕುವುದೂ ಅಪಾಯ.

ಪಟ್ಟಿ ಕಟ್ಟುವಾಗ

ಇಷ್ಟೆಲ್ಲ ಆದ ಮೇಲೆ ಪ್ರತಿ ಕಾಲೇಜಿನ ಮುಂದೆ ಒಂದು ಅಂಕಿ ಬರೆಯಬೇಡಿ, 'ಶೇ 2ರಿಂದ 5' ಎಂಬಂತೆ ಎರಡು ಬರೆಯಿರಿ. ಒಟ್ಟು ದರ ಶೇ 15ಕ್ಕಿಂತ ಕಡಿಮೆ ಇರುವಲ್ಲಿ ಎಂಥ ಪ್ರತಿಭಾವಂತನಿಗೂ 'ಖಚಿತ' ಎಂಬ ಪದ ಬಳಸಬಾರದು. ತಲಾ ಶೇ 5ರ ಹತ್ತು ಕಡೆ ಹಾಕಿದರೆ ಶೇ 50 ಎಂಬುದೂ ತಪ್ಪು. ಹತ್ತೂ ನಿರ್ಧಾರಗಳು ಪರಸ್ಪರ ಸಂಬಂಧವಿಲ್ಲದವಾಗಿದ್ದರೂ ಒಂದಾದರೂ ಸಿಗುವ ಸಾಧ್ಯತೆ ಶೇ 40. ಅವು ಹಾಗಿಲ್ಲ. ಒಂದೇ ಕಡತವನ್ನು ಹತ್ತು ಜನ ಓದುತ್ತಾರೆ, ಒಬ್ಬರಿಗೆ ಸಪ್ಪೆ ಎನಿಸಿದ ಪ್ರಬಂಧ ಉಳಿದವರಿಗೂ ಸಪ್ಪೆಯೇ. ಆದ್ದರಿಂದ 40ಕ್ಕಿಂತ ಕಡಿಮೆ. ಕಾಮನ್ ಆ್ಯಪ್‌ನಲ್ಲಿ 20 ಕಾಲೇಜಿಗೆ ಅವಕಾಶವಿದೆ ಎಂದು ಇಪ್ಪತ್ತನ್ನೂ ಮೇಲ್ತುದಿಯಿಂದಲೇ ತುಂಬುವುದಕ್ಕಿಂತ, ಮಗುವಿನ ಸ್ಯಾಟ್ ಅಂಕ 75ರ ಗೆರೆ ದಾಟಿರುವ, ಅರ್ಧಕ್ಕಿಂತ ಹೆಚ್ಚು ಅರ್ಜಿದಾರರಿಗೆ ಸೀಟು ಕೊಡುವ, ಖರ್ಚು ಕೈಗೆಟಕುವ ಮೂರು ಕಾಲೇಜುಗಳನ್ನು ಮೊದಲು ಹುಡುಕಿ ಬರೆದುಕೊಳ್ಳಿ. ಸಿಇಟಿ ಅರ್ಜಿಯನ್ನೂ ಹಾಕಿಡಿ.